ಮಗಳಿಗೊಂದು ಪತ್ರ: ನಿನ್ನ ನೋಟ್ಸ್ ಓದಿದೆ

ಪ್ರೀತಿಯ ಪುಟ್ಟಿ,

ಹಾಸ್ಟೆಲ್ ಊಟ ಒಗ್ಗಿತಾ? ಕಟಕ್ ರೊಟ್ಟಿ ಖಾಲಿ ಆಗಿರಬೇಕು. ಅಪ್ಪನ ಗೆಳೆಯರು ಮುಂದಿನ ವಾರ ಮೈಸೂರಿಗೆ ಬರುತ್ತಾರಂತೆ. ಅವರ ಕೈಯಲ್ಲಿ ರೊಟ್ಟಿ, ಶೇಂಗಾ ಚಟ್ನಿಪುಡಿ ಕಳಿಸುತ್ತೇನೆ. ರೂಮಿನ ಹುಡುಗಿಯರಿಗೂ ಕೊಡು.

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ನನ್ನ ತಲೆಯಲ್ಲೇ ಉಳಿದಿದೆ. "ಪ್ರವಾಸೋದ್ಯಮದ ಪರಿಚಯ ಅಂತ ಒಂದು ಪೇಪರ್ ಇದೆ ಅಮ್ಮ, ಬರೀ ಡೆಫಿನಿಷನ್. ಬಾಯಿಪಾಠ ಮಾಡಿ ಪಾಸಾದರೆ ಸಾಕು. ಏರ್‌ಲೈನ್ಸ್ ವಿಷಯ ಮುಂದೆ ಬರುತ್ತೆ" ಅಂದೆ. ಅದಕ್ಕೇ ನೋಟ್ಸ್ ಫೋಟೊ ಕಳಿಸು ಅಂತ ಕೇಳಿದ್ದು. ಹೋಟೆಲಿನ ಹೌಸ್‌ಕೀಪಿಂಗ್ ಡ್ಯೂಟಿ ಮುಗಿಸಿ ಬಂದು ಮೂರು ರಾತ್ರಿ ಕೂತು ಓದಿದೆ. ಇಂಗ್ಲಿಷ್ ಬಿಗಿಯಾದ ಕಡೆ ರಿಸೆಪ್ಷನ್ ಹುಡುಗನನ್ನು ಕೇಳಿಕೊಂಡೆ. ನಿನಗೆ ಬೇಸರ ತಂದ ಆ ಪುಟಗಳಲ್ಲಿ ನನಗೆ ಕಂಡಿದ್ದು ನಮ್ಮ ಮನೆ, ಪುಟ್ಟಿ.

ಮೊದಲ ಪುಟವನ್ನೇ ತೆಗೆದುಕೋ. ದಿನಾ ಓಡಾಡುವ ಊರು ಬಿಟ್ಟು, ಒಂದು ವರ್ಷಕ್ಕಿಂತ ಹೆಚ್ಚಲ್ಲದ ಕಾಲಕ್ಕೆ, ಅಲ್ಲಿ ಸಂಬಳಕ್ಕೆ ದುಡಿಯಲು ಅಲ್ಲದೆ ಬೇರೆ ಊರಿಗೆ ಹೋದವರು ಸಂದರ್ಶಕರು. ಅಲ್ಲಿ ಒಂದು ರಾತ್ರಿಯಾದರೂ ಉಳಿದವರು ಪ್ರವಾಸಿಗರು. ಉಳಿಯದೆ ಅದೇ ದಿನ ವಾಪಸಾದವರು ಬೇರೆ ಲೆಕ್ಕ. ನೀನು ಇದನ್ನು ಎರಡು ಮಾರ್ಕಿನ ಪ್ರಶ್ನೆ ಅಂದೆ. ನಮ್ಮ ಹೊಸಪೇಟೆಯಲ್ಲಿ ಆ ಒಂದು ರಾತ್ರಿಯ ಮೇಲೆ ಎಷ್ಟು ಮನೆ ನಿಂತಿವೆ ನೋಡು. ಬೆಳಿಗ್ಗೆ ಬಂದು ಹಂಪಿಯ ವಿಜಯ ವಿಠ್ಠಲ ಗುಡಿ ನೋಡಿ, ಐವತ್ತು ರೂಪಾಯಿ ನೋಟಿನಲ್ಲಿರುವ ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಂಡು ಸಂಜೆಗೆ ಹೊರಟವರು ನಮ್ಮೂರಿನಲ್ಲಿ ನೀರಿನ ಬಾಟಲಿ ಕೊಳ್ಳುತ್ತಾರೆ, ಒಂದು ಊಟ ಮಾಡುತ್ತಾರೆ. ರಾತ್ರಿ ಉಳಿದರೆ ಬೆಳಿಗ್ಗೆ ಅಪ್ಪನ ಆಟೋ ಹತ್ತುತ್ತಾರೆ. ಅವರು ಹೊದ್ದ ಶೀಟು ದೋಬಿಗೆ ಹೋಗುತ್ತದೆ. ತಿಂಡಿಗೆ ತರಕಾರಿ ಬೇಕು, ಹಾಲು ಬೇಕು, ನನ್ನ ಕೈಕೆಳಗಿನ ಹುಡುಗಿಯರು ಬೇಕು. ಮೈಸೂರಿನಲ್ಲೂ ಒಂದು ಭಾನುವಾರ ಅರಮನೆ ಹತ್ತಿರ ನಿಂತು ನೋಡು. ಎಷ್ಟು ಬಸ್ಸು ಸಂಜೆಯೇ ಬೆಂಗಳೂರಿಗೆ ತಿರುಗುತ್ತವೆ, ಎಷ್ಟು ಜನ ಬ್ಯಾಗ್ ಹಿಡಿದು ಲಾಡ್ಜ್ ಹುಡುಕುತ್ತಾರೆ ಅಂತ.

ಇತಿಹಾಸದ ಭಾಗದಲ್ಲಿ ಥಾಮಸ್ ಕುಕ್ ಬಗ್ಗೆ ಓದಿದೆ. 1841ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಿಂದ ಲಫ್ಬರೋಗೆ ಸುಮಾರು ಐನೂರು ಜನರನ್ನು ತಲೆಗೆ ಒಂದು ಶಿಲಿಂಗ್ ಪಡೆದು ರೈಲಿನಲ್ಲಿ ಕರೆದೊಯ್ದನಂತೆ. ಹೋಗಿದ್ದು ಕುಡಿತ ಬಿಡಿಸುವವರ ಸಭೆಗೆ. ಪ್ಯಾಕೇಜ್ ಟೂರ್ ಹುಟ್ಟಿದ್ದು ಹಾಗೆ ಅಂತ ಓದಿದಾಗ ನನಗೆ ಬಹಳ ಇಷ್ಟವಾಯಿತು. ಆದರೆ ನೋಟ್ಸಿನಲ್ಲಿ ಮುಂದೆಲ್ಲ ಸ್ಟಾರ್ ಹೋಟೆಲ್, ಕ್ರೂಸ್, ವಿಮಾನ. ಹುಣ್ಣಿಮೆಗೆ ಹುಲಿಗೆಮ್ಮನ ಗುಡಿ ಹತ್ತಿರ ಟ್ರ್ಯಾಕ್ಟರ್ ಕಟ್ಟಿಕೊಂಡು ಬಂದು, ಬಯಲಲ್ಲೇ ಒಲೆ ಹೂಡಿ, ಅಲ್ಲೇ ಮಲಗಿ ಹೋಗುವವರೂ ಆ ಡೆಫಿನಿಷನ್ ಪ್ರಕಾರ ಪ್ರವಾಸಿಗರೇ ಅಲ್ವಾ? ಡಿಸೆಂಬರ್‌ನಲ್ಲಿ ಕೆಂಪು ಬಸ್ಸಿನಲ್ಲಿ ಬರುವ ಶಾಲೆ ಮಕ್ಕಳು? ಪಾತ್ರೆ, ಅಕ್ಕಿ, ಅಡುಗೆಯವರನ್ನೂ ಜೊತೆಗೆ ತಂದು ರಸ್ತೆ ಬದಿಯಲ್ಲಿ ಉಪ್ಪಿಟ್ಟು ಮಾಡಿಕೊಂಡು ತಿನ್ನುತ್ತಾರಲ್ಲ, ಅವರು? ಕ್ಲಾಸಿನಲ್ಲಿ ಇದನ್ನು ಕೇಳು. ನಮ್ಮ ಜನ ಹೆಚ್ಚು ತಿರುಗುವುದು ಹೀಗೇ. ಅವರಿಗೆ ಶುಚಿಯಾದ ಶೌಚಾಲಯ, ಮಲಗಲು ನೆರಳು ಕೊಡುವುದೂ ಆತಿಥ್ಯವೇ. ಅದನ್ನು ಕಲಿತವರು ಕಡಿಮೆ.

ಎರಡನೇ ಯುನಿಟ್‌ನಲ್ಲಿ ಒಂದು ಸಾಲಿದೆ. ಈ ದಂಧೆಯ ಸರಕನ್ನು ಕೂಡಿಡಲು ಬರುವುದಿಲ್ಲ ಅಂತ. ನಾನು ಆ ಸಾಲಿನ ಮೇಲೆ ಬಹಳ ಹೊತ್ತು ನಿಂತೆ. ಬಟ್ಟೆ ಅಂಗಡಿಯವನು ಇಂದು ಮಾರದ ಸೀರೆಯನ್ನು ನಾಳೆ ಮಾರುತ್ತಾನೆ. ಇವತ್ತು ರಾತ್ರಿ ಖಾಲಿ ಉಳಿದ ರೂಮು ಹೋಯಿತು, ಅಷ್ಟೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕಿತ್ತುಹೋಯಿತಲ್ಲ, ಬೆಳಗಾದರೆ ನಮ್ಮ ರಿಸೆಪ್ಷನ್ ಫೋನು ಬಡಿದುಕೊಳ್ಳುತ್ತಲೇ ಇತ್ತು. ಆಗಸ್ಟ್ 15ರ ರಜೆಗೆ ಬುಕ್ ಮಾಡಿದ್ದವರು ಒಬ್ಬೊಬ್ಬರಾಗಿ ಬರಲ್ಲ ಅಂದರು. ನದಿ ತುಂಬಿದಾಗಲೆಲ್ಲ ಪುರಂದರ ಮಂಟಪ ಮುಳುಗುವುದನ್ನು ನೋಡಿ ಬೆಳೆದವರು ನಾವು, ಹೆದರಲಿಲ್ಲ. ದೂರದಲ್ಲಿ ಟಿವಿ ನೋಡುವವರು ಹೆದರಿದರು. ಒಂದು ವಾರದಲ್ಲಿ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ತಡೆಗಳನ್ನು ಇಳಿಸಿ ನೀರು ತಡೆದರು. ಆ ವಾರದ ರೂಮುಗಳು ಮಾತ್ರ ವಾಪಸು ಬರಲಿಲ್ಲ.

2020 ನಿನಗೂ ನೆನಪಿದೆ. ನೀನಾಗ ಎಂಟನೇ ಕ್ಲಾಸು. ಮಾರ್ಚ್‌ನಲ್ಲಿ ಮೊದಲು ಹೊರದೇಶದವರ ವೀಸಾ ನಿಂತಿತು, ಆಮೇಲೆ ಲಾಕ್‌ಡೌನ್. ಆಗ ನಾನಿದ್ದ ಹೋಟೆಲಿನಲ್ಲಿ ಒಂದು ತಿಂಗಳು ಅರ್ಧ ಸಂಬಳ ಕೊಟ್ಟರು. ಆಮೇಲೆ "ಕರೆದಾಗ ಬನ್ನಿ" ಅಂದರು. ಹದಿಮೂರು ವರ್ಷ ಆ ಮಹಡಿಗಳನ್ನು ಒರೆಸಿದ್ದೆ. ಅಪ್ಪನ ಆಟೋ ಮನೆ ಮುಂದೆ ನಿಂತೇ ಇತ್ತು. ನಾನು ಖಾನಾವಳಿಗೆ ರೊಟ್ಟಿ ಬಡಿದುಕೊಟ್ಟು ಆ ವರ್ಷ ದಾಟಿಸಿದೆ. ನೀನು ಪಕ್ಕದಲ್ಲಿ ಕೂತು ರೊಟ್ಟಿ ಎಣಿಸಿ ಕಟ್ಟುತ್ತಿದ್ದೆ. ಊರಿಗೆ ಕಷ್ಟ ಬಂದರೆ ಜನ ಮೊದಲು ಬಿಡುವುದು ತಿರುಗಾಟವನ್ನು. ನಿನ್ನ ನೋಟ್ಸಿನಲ್ಲಿ ಇದು ಒಂದೇ ಸಾಲು. ಆ ಸಾಲಿನ ಕೆಳಗೆ ಗೆರೆ ಎಳೆದುಕೋ. ನಾಳೆ ನೀನು ಮ್ಯಾನೇಜರ್ ಆದರೆ, ಒಳ್ಳೆ ಸೀಸನ್‌ನಲ್ಲಿ ಬಂದ ದುಡ್ಡಿನಲ್ಲಿ ಕೆಟ್ಟ ತಿಂಗಳ ಸಂಬಳಕ್ಕೆ ಒಂದು ಪಾಲು ತೆಗೆದಿಡಬೇಕು ಅನ್ನುವುದು ನಿನಗೆ ಯಾರೂ ಹೇಳದೆ ಗೊತ್ತಿರಬೇಕು.

ಡಾಕ್ಸಿ ಅನ್ನುವವರು 1975ರಲ್ಲಿ ಬರೆದಿದ್ದು ಅಂತ ಒಂದು ಪಟ್ಟಿ ಇತ್ತಲ್ಲ? ಪ್ರವಾಸಿಗರು ಬರತೊಡಗಿದಾಗ ಊರವರಿಗೆ ಮೊದಲು ಸಂಭ್ರಮ, ಆಮೇಲೆ ರೂಢಿ, ಆಮೇಲೆ ಕಿರಿಕಿರಿ, ಕೊನೆಗೆ ಹಗೆ. ಹಂಪಿಗೆ ಇದು ಪೂರ್ತಿ ಹೊಂದುವುದಿಲ್ಲ ಅಂತ ನನಗನಿಸುತ್ತದೆ. ಪ್ರವಾಸಿಗರ ಮೇಲೆ ನಮ್ಮವರು ಹಗೆ ಮಾಡಿದ್ದನ್ನು ನಾನು ಕಂಡಿಲ್ಲ. ಊರವರಿಗೆ ನೋವಾಗಿದ್ದು ಬೇರೆ ದಾರಿಯಲ್ಲಿ. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನ ಸಾಲು ಮಂಟಪಗಳಲ್ಲಿ ಜನ ಅಂಗಡಿ ಇಟ್ಟಿದ್ದರು, ಸಂಸಾರ ಮಾಡಿದ್ದರು. 2011ರ ಜುಲೈನಲ್ಲಿ ಅವನ್ನೆಲ್ಲ ತೆರವು ಮಾಡಿದರು. ಅಪ್ಪನ ಪರಿಚಯದ ಒಂದು ಸಂಸಾರ ಪಾತ್ರೆಪಗಡ ಎತ್ತಿಕೊಂಡು ನಮ್ಮ ಮನೆಗೆ ಬಂದು ನಾಲ್ಕು ದಿನ ಇತ್ತು. ನೀನು ಚಿಕ್ಕವಳು, ಅವರ ಮಗುವಿನ ಜೊತೆ ಆಡಿದ್ದು ನಿನಗೆ ನೆನಪಿರಲಿಕ್ಕಿಲ್ಲ. 2020ರಲ್ಲಿ ನದಿಯಾಚೆ ವಿರೂಪಾಪುರ ಗಡ್ಡಿಯ ರೆಸಾರ್ಟ್‌ಗಳೂ ಹೋದವು. ಐನೂರು ವರ್ಷದ ಕಲ್ಲಿನ ಕಂಬಕ್ಕೆ ಮೊಳೆ ಹೊಡೆದು ಶಟರ್ ಹಾಕುವುದು ಸರಿಯಲ್ಲ ಅಂತ ನಾನೂ ಒಪ್ಪುತ್ತೇನೆ. ಆದರೆ ಆ ಬಜಾರಿನಲ್ಲಿ ಬೆಳಿಗ್ಗೆ ರಂಗೋಲಿ ಹಾಕುತ್ತಿದ್ದ ಹೆಂಗಸರೂ ಪ್ರವಾಸಿಗರು ನೋಡಲು ಬಂದಿದ್ದ ಹಂಪಿಯೇ ಆಗಿದ್ದರು. ಕಲ್ಲನ್ನೂ ಉಳಿಸಿ ಜನರನ್ನೂ ಉಳಿಸುವ ದಾರಿ ನಿನ್ನ ಓದಿನಲ್ಲಿ ಎಲ್ಲಾದರೂ ಸಿಕ್ಕರೆ ನನಗೆ ತಿಳಿಸು. ಕಾಲೇಜಿಗೆ ಸೇರಿಸುವಾಗ ನನಗಿದ್ದ ದೊಡ್ಡ ಆಸೆ ಅದೇ.

ಹೌಸ್‌ಕೀಪಿಂಗ್‌ಗೆ ನಿನ್ನ ನೋಟ್ಸಿನಲ್ಲಿ ಅರ್ಧ ಪುಟ ಇದೆ. ಅದಕ್ಕೆ ನಾನು ಸ್ವಲ್ಪ ಸೇರಿಸುತ್ತೇನೆ. ಮೂರು ಸಲ ಬಾಗಿಲು ತಟ್ಟಿ, "ಹೌಸ್‌ಕೀಪಿಂಗ್" ಅಂತ ಹೇಳಿ, ಸ್ವಲ್ಪ ಹೊತ್ತು ಕಾಯಬೇಕು. ಕಾಯುವುದೇ ಮುಖ್ಯ, ಒಳಗಿರುವವರ ಮಾನ ಅದರಲ್ಲಿದೆ. ಚೆಕ್ ಔಟ್ ಆದ ರೂಮಿನಲ್ಲಿ ದಿಂಬಿನ ಕವರಿನೊಳಗೆ ಕೈ ಹಾಕದೆ ಅದನ್ನು ಒಗೆಯಲು ಹಾಕಬಾರದು. ಉಂಗುರ, ಮೂಗುತಿ, ದುಡ್ಡು ಎಲ್ಲ ಸಿಗುವುದು ಅಲ್ಲೇ. ಹೋಳಿ ಹಬ್ಬದ ಹಿಂದಿನ ದಿನವೇ ಹಳೆ ಟವೆಲ್‌ಗಳನ್ನು ಮೇಲೆ ತಂದಿಡಬೇಕು. ಹಂಪಿಯಲ್ಲಿ ಹೋಳಿ ಆಡಿ ಬಂದವರು ಒರೆಸಿಕೊಂಡ ಟವೆಲ್ ಮತ್ತೆ ಬೆಳ್ಳಗೆ ಆಗುವುದಿಲ್ಲ. ಇದನ್ನು ನಾನು ಕಲಿತಿದ್ದು ಮೊದಲ ವರ್ಷ ಇಪ್ಪತ್ತೆರಡು ಟವೆಲ್ ಹಾಳಾದ ಮೇಲೆ. ಬೇಸಿಗೆಯಲ್ಲಿ ಟವೆಲ್ ದಿನಾ ಬದಲಿಸಬೇಕಾ ಅಂತ ಗೆಸ್ಟನ್ನು ಕೇಳಿದರೆ ಬಹಳ ಜನ ಬೇಡ ಅನ್ನುತ್ತಾರೆ. ಕೇಳುವವರು ಬೇಕು, ಅಷ್ಟೇ.

ಇಂಟರ್ನ್‌ಶಿಪ್‌ಗೆ ಯಾವ ಹೋಟೆಲ್ ಕೊಟ್ಟರೂ ಮೊದಲ ದಿನ ಹಿಂಬಾಗಿಲಿನಿಂದ ಒಳಗೆ ಹೋಗು. ಕೆಲಸದವರು ಎಲ್ಲಿ ಕೂತು ಊಟ ಮಾಡುತ್ತಾರೆ, ಬಟ್ಟೆ ಎಲ್ಲಿ ಬದಲಿಸುತ್ತಾರೆ, ರಾತ್ರಿ ಪಾಳಿ ಮುಗಿದ ಹುಡುಗಿಯರು ಮನೆಗೆ ಹೇಗೆ ಹೋಗುತ್ತಾರೆ ನೋಡು. ಹೋಟೆಲ್ ಹೇಗಿದೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ದೀಪಾವಳಿಗೆ ರೂಮೆಲ್ಲ ಈಗಲೇ ಫುಲ್. ನನಗೆ ರಜೆ ಇಲ್ಲ, ಅಪ್ಪನಿಗೂ ಬಾಡಿಗೆ ಜಾಸ್ತಿ. ನಮ್ಮ ಮನೆಯ ಹಬ್ಬ ಎಂದಿನಂತೆ ಎರಡು ದಿನ ತಡವಾಗಿ. ನೀನು ಹಾಗೇ ಲೆಕ್ಕ ಹಾಕಿ ಟಿಕೆಟ್ ಮಾಡಿಸು. ಬರುವಾಗ ರೂಮಿನ ದರದ ಪಾಠ ಮರೆಯದೆ ತಾ. ಒಂದೇ ರೂಮಿಗೆ ಮಂಗಳವಾರ ಒಂದು ರೇಟು, ಶನಿವಾರ ಇನ್ನೊಂದು. ಪಕ್ಕಪಕ್ಕದ ರೂಮಿನವರು ತಿಂಡಿ ತಿನ್ನುತ್ತಾ ಲೆಕ್ಕ ಹೋಲಿಸಿಕೊಂಡು ನನ್ನನ್ನು ಕೇಳುತ್ತಾರೆ. ಕಂಪ್ಯೂಟರ್ ಹಾಕಿದ್ದು ಅಂತ ರಿಸೆಪ್ಷನ್‌ನವರು ಹೇಳುತ್ತಾರೆ. ಕಂಪ್ಯೂಟರ್‌ಗೆ ಹೇಳಿಕೊಟ್ಟವರು ಯಾರು, ಏನಂತ ಹೇಳಿಕೊಟ್ಟರು, ಅದನ್ನು ನನಗೆ ಬಿಡಿಸಿ ಹೇಳಬೇಕು ನೀನು.

ಬೆಳಿಗ್ಗೆ ಬೇಗ ಪಾಳಿ ಇದೆ. ಮಲಗುತ್ತೇನೆ.

ನಿನ್ನ ಅಮ್ಮ