ಎಲೆಯ ಮೇಲಿನ ಚುಕ್ಕೆ ರೋಗದ ಹೆಸರಲ್ಲ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಕೈತೋಟದ ಅಂಕಣದಲ್ಲಿ ಇತ್ತೀಚೆಗೆ ಓದುಗರೊಬ್ಬರು, ಮನೆಯೊಳಗಿಟ್ಟ ಆರ್ಕಿಡ್ ಗಿಡದ ಎಲೆಗಳಲ್ಲಿ ಕಪ್ಪು ಚುಕ್ಕೆಗಳು ಕಾಣಿಸಿಕೊಂಡಿವೆ, ಏನು ಮಾಡಬೇಕು ಎಂದು ಕೇಳಿದ್ದರು. ವಾರಕ್ಕೊಮ್ಮೆ ಶಿಲೀಂಧ್ರನಾಶಕ ಸಿಂಪಡಿಸಿ ಎಂಬ ಒಂದು ಸಾಲಿನ ಉತ್ತರ ಪ್ರಕಟವಾಗಿತ್ತು. ಉತ್ತರ ಕೊಟ್ಟವರ ಸದುದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ 12 ವರ್ಷಗಳಿಂದ ಕಿಟಕಿಯ ಪಕ್ಕದಲ್ಲಿ ಆರ್ಕಿಡ್‌ಗಳನ್ನು ಸಾಕುತ್ತ ಬಂದಿರುವ, ಅವುಗಳಲ್ಲಿ ಕೆಲವನ್ನು ಇಂಥದೇ ಉತ್ತರಗಳನ್ನು ನಂಬಿ ಕಳೆದುಕೊಂಡಿರುವ ನಾನು ಈ ವಿಷಯದಲ್ಲಿ ಸುಮ್ಮನಿರುವುದು ಸರಿಯಲ್ಲವೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಚುಕ್ಕೆ ಎಂಬುದು ಲಕ್ಷಣ ಮಾತ್ರ, ಅದು ರೋಗದ ಹೆಸರಲ್ಲ. ಆರ್ಕಿಡ್‌ನ ಎಲೆಯಲ್ಲಿ ಕಲೆ ಮೂಡಲು ಬ್ಯಾಕ್ಟೀರಿಯಾ ಕಾರಣವಿರಬಹುದು, ಶಿಲೀಂಧ್ರವಿರಬಹುದು, ನೋಡಲು ಶಿಲೀಂಧ್ರದಂತಿದ್ದರೂ ಬೇರೆಯೇ ವಂಶಕ್ಕೆ ಸೇರಿದ ನೀರುಬೂಷ್ಟು ಇರಬಹುದು, ವೈರಸ್ ಇರಬಹುದು, ನುಸಿ ಇರಬಹುದು. ಇವು ಯಾವುವೂ ಅಲ್ಲದೆ ಬರಿಯ ಬಿಸಿಲು, ತಣ್ಣೀರು ಅಥವಾ ಗೊಬ್ಬರದ ಉಪ್ಪೂ ಇರಬಹುದು. ಜ್ವರ ಎಂದವರಿಗೆಲ್ಲ ಒಂದೇ ಮಾತ್ರೆ ಕೊಡುವ ವೈದ್ಯರನ್ನು ನಾವು ನಂಬುವುದಿಲ್ಲ. ಗಿಡದ ವಿಷಯಕ್ಕೆ ಬಂದಾಗ ಮಾತ್ರ ಅದೇ ಚಿಕಿತ್ಸೆಯನ್ನು ಕಣ್ಣುಮುಚ್ಚಿ ಒಪ್ಪುತ್ತೇವೆ.

ಈಗ ನಾನು ಕಲೆ ಕಂಡ ಕೂಡಲೇ ಹುಡುಕುವುದು ಒಂದು ಮಾರ್ಕರ್ ಪೆನ್ನನ್ನು. ಕಲೆಯ ಅಂಚಿಗೆ ಸರಿಯಾಗಿ ಎಲೆಯ ಮೇಲೆಯೇ ಒಂದು ಗೆರೆ ಎಳೆದು, ಪಕ್ಕದಲ್ಲಿ ಸಣ್ಣದಾಗಿ ದಿನಾಂಕ ಬರೆದು, ಗಿಡವನ್ನು ಉಳಿದವುಗಳಿಂದ ದೂರ ಇಡುತ್ತೇನೆ. ಮರುದಿನ ಬೆಳಗ್ಗೆ ನೋಡಿದಾಗ ಕಲೆ ಗೆರೆಯನ್ನು ದಾಟಿ ಬೆರಳಗಲ ಮುಂದೆ ಹೋಗಿದ್ದರೆ ಅದು ಕಾಯುವ ಹೊತ್ತಲ್ಲ. ಮೂರು ವಾರ ಕಳೆದರೂ ಗೆರೆಯೊಳಗೇ ಇದ್ದರೆ ಅದು ಹೆಚ್ಚಾಗಿ ಹಿಂದೆಂದೋ ಆದ ಗಾಯದ ಗುರುತು, ಅದಕ್ಕೆ ಮದ್ದು ಬೇಕಿಲ್ಲ. ನಡುವಿನ ವೇಗದಲ್ಲಿ ಹರಡುವ ಕಲೆಗಳೇ ತಲೆನೋವಿನವು, ಅವುಗಳಿಗೆ ಮೂಗು ಮತ್ತು ಬೆರಳನ್ನೂ ಬಳಸಬೇಕಾಗುತ್ತದೆ.

ಅತಿ ವೇಗವಾಗಿ ಹರಡುವುದು ಬ್ಯಾಕ್ಟೀರಿಯಾದಿಂದ ಬರುವ ಮೆದು ಕೊಳೆ. ಹಿಂದೆ ಎರ್ವಿನಿಯಾ ಎಂದು ಕರೆಯಲಾಗುತ್ತಿದ್ದು, ಈಗ ಪೆಕ್ಟೋಬ್ಯಾಕ್ಟೀರಿಯಂ ಮತ್ತು ಡಿಕೀಯಾ ಎಂದು ವಿಂಗಡಿಸಲಾಗಿರುವ ಈ ಜೀವಿಗಳು ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪೆಕ್ಟಿನ್ನನ್ನೇ ಕರಗಿಸುತ್ತವೆ. ಆದ್ದರಿಂದ ಎಲೆಯು ನೀರು ತುಂಬಿದ ಪ್ಲಾಸ್ಟಿಕ್ ಚೀಲದಂತಾಗಿ, ಬೆರಳಿನಿಂದ ಒತ್ತಿದರೆ ಸಿಪ್ಪೆ ಒಡೆದು ದುರ್ವಾಸನೆಯ ದ್ರವ ಸುರಿಯುತ್ತದೆ. ಫೆಲನಾಪ್ಸಿಸ್ ಎಂಬ ಆರ್ಕಿಡ್‌ನಂಥ ಗಿಡದಲ್ಲಿ ಒಂದು ಇಡೀ ಎಲೆ ಎರಡು ಮೂರು ದಿನಗಳಲ್ಲಿ ಹೀಗಾಗಬಹುದು. ಇದರ ಸೋದರ ಸಂಬಂಧಿಯಂತಿರುವ ಕಂದು ಚುಕ್ಕೆ ರೋಗ ಅಸಿಡೋವೊರಾಕ್ಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ್ದು. ಅದರಲ್ಲಿ ಚುಕ್ಕೆ ಮೊದಲು ನೀರು ಹೀರಿದಂತೆ ಕಂಡು ಆಮೇಲೆ ಕಂದು ಇಲ್ಲವೆ ಕಪ್ಪಾಗುತ್ತದೆ, ಅದಕ್ಕೆ ಅಂಥ ವಾಸನೆ ಇರುವುದಿಲ್ಲ. ಎರಡಕ್ಕೂ ಶಿಲೀಂಧ್ರನಾಶಕ ಎಷ್ಟು ಹೊಡೆದರೂ ನೀರು ಚಿಮುಕಿಸಿದಷ್ಟೇ ಫಲ. ವಾಸ್ತವದಲ್ಲಿ ನೀರು ಚಿಮುಕಿಸಿದಷ್ಟೇ ಅಪಾಯವೂ ಹೌದು, ಏಕೆಂದರೆ ಈ ಬ್ಯಾಕ್ಟೀರಿಯಾಗಳು ಒಂದೆಲೆಯಿಂದ ಇನ್ನೊಂದಕ್ಕೆ ಹೋಗುವುದೇ ಹನಿಗಳ ಮೇಲೆ ಸವಾರಿ ಮಾಡಿ. ಇಲ್ಲಿ ಕೆಲಸಕ್ಕೆ ಬರುವುದು ಬ್ಲೇಡು. ಕಲೆಯ ಅಂಚಿನಿಂದ ಒಂದೆರಡು ಸೆಂಟಿಮೀಟರ್ ಆರೋಗ್ಯವಾಗಿರುವ ಭಾಗವನ್ನೂ ಸೇರಿಸಿ ಕತ್ತರಿಸಿ, ಕತ್ತರಿಸಿದ ಜಾಗಕ್ಕೆ ನೀರು ತಾಗದಂತೆ, ಗಾಳಿಯಾಡುವಲ್ಲಿ ಒಣಗಲು ಬಿಡಬೇಕು. ತಾಮ್ರಯುಕ್ತ ಔಷಧಿ ಕೆಲಮಟ್ಟಿಗೆ ನೆರವಾಗುತ್ತದೆ. ಆದರೆ ಅದೇ ತಾಮ್ರ ಡೆಂಡ್ರೋಬಿಯಂ ಜಾತಿಯ ಆರ್ಕಿಡ್‌ಗಳಿಗೂ ಹೂ ಬಿಟ್ಟಿರುವ ಯಾವ ಆರ್ಕಿಡ್‌ಗೂ ಹಾನಿಕರವೆಂಬುದನ್ನು ಹೇಳದೆ ಅದನ್ನು ಸೂಚಿಸಬಾರದು.

ಇನ್ನು ಕಪ್ಪು ಕೊಳೆಯ ವಿಷಯ. ಪಿಥಿಯಂ ಮತ್ತು ಫೈಟಾಫ್ತೊರಾ ಎಂಬ ನೀರುಬೂಷ್ಟುಗಳು ಇದಕ್ಕೆ ಕಾರಣ. ಎರಡನೆಯದು ಆಲೂಗಡ್ಡೆಯ ಅಂಗಮಾರಿಗೂ ಅಡಿಕೆಯ ಕೊಳೆರೋಗಕ್ಕೂ ಕಾರಣವಾದ ಕುಲ ಎಂದರೆ ಅದರ ಸ್ವಭಾವ ಓದುಗರಿಗೆ ತಾನಾಗಿಯೇ ಅರ್ಥವಾದೀತು. ಇವುಗಳ ಬೀಜಕಗಳಿಗೆ ಬಾಲದಂಥ ಎಳೆಗಳಿದ್ದು, ತೆಳುವಾದ ನೀರಿನ ಪದರ ಸಿಕ್ಕಿದರೆ ಸಾಕು, ಅದರಲ್ಲಿ ಈಜುತ್ತ ಹೋಗುತ್ತವೆ. ಕಲೆ ನೇರಳೆ ಛಾಯೆಯ ಕಪ್ಪಾಗಿದ್ದು ಮುನ್ನುಗ್ಗುವ ಅಂಚಿನಲ್ಲಿ ಹಳದಿ ಪಟ್ಟಿ ಕಾಣುತ್ತದೆ. ಕ್ಯಾಟ್ಲೀಯಾ ಎಂಬ ಆರ್ಕಿಡ್‌ಗಳಲ್ಲಿ ಬುಡದಿಂದ ಮೇಲೇರಿ ಗೆಡ್ಡೆಯನ್ನೇ ಕಪ್ಪಾಗಿಸುತ್ತದೆ. ಇಲ್ಲಿರುವ ತೊಡಕನ್ನು ಒಂದು ಸಾಲಿನ ಉತ್ತರಗಳು ಎಂದೂ ಹೇಳುವುದಿಲ್ಲ. ಎಲ್ಲರ ಕೈಗೂ ಸುಲಭವಾಗಿ ಸಿಗುವ ಕಾರ್ಬೆಂಡಜಿಮ್ ನಿಜವಾದ ಶಿಲೀಂಧ್ರಗಳ ಮೇಲೆ ಕೆಲಸ ಮಾಡುತ್ತದೆಯೇ ಹೊರತು ನೀರುಬೂಷ್ಟುಗಳ ಮೇಲೆ ಅಲ್ಲ. ಅವುಗಳಿಗೆ ಮೆಟಲಾಕ್ಸಿಲ್ ಅಥವಾ ಫೋಸೆಟೈಲ್ ಅಲ್ಯೂಮಿನಿಯಂ ಬೇಕು. ಎರಡೂ ಬಗೆಯ ಡಬ್ಬಿಗಳ ಮೇಲೆ ಶಿಲೀಂಧ್ರನಾಶಕ ಎಂದೇ ಬರೆದಿರುತ್ತದೆ. ಹಾಗಾಗಿ ಶಿಲೀಂಧ್ರನಾಶಕ ಸಿಂಪಡಿಸಿ ಎಂಬ ಸಲಹೆಯನ್ನು ಅಕ್ಷರಶಃ ಪಾಲಿಸಿದವರೂ ತಪ್ಪು ಔಷಧಿಯನ್ನೇ ಹೊಡೆದು, ಕಾಯುತ್ತ ಕುಳಿತು, ಗಿಡವನ್ನು ಕಳೆದುಕೊಳ್ಳುವ ಸಂಭವವಿದೆ.

ನಿಜವಾದ ಶಿಲೀಂಧ್ರಗಳ ಎಲೆಚುಕ್ಕೆಗಳು ಇವೆಲ್ಲಕ್ಕಿಂತ ಸೌಮ್ಯವಾದವು. ಚಿಬ್ಬುರೋಗದ ಕಲೆ ಒಣಗಿ, ತುಸು ಕುಳಿಬಿದ್ದು, ಒಂದರೊಳಗೊಂದು ಉಂಗುರಗಳಿರುವಂತೆ ಕಾಣುತ್ತದೆ ಮತ್ತು ವಾರಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಎಲೆ ರಾತ್ರಿಯಿಡೀ ಒದ್ದೆಯಿರದಂತೆ ಬೆಳಗ್ಗೆಯೇ ನೀರು ಕೊಡುವುದು, ಗಿಡಗಳ ನಡುವೆ ಗಾಳಿಯಾಡಲು ಜಾಗ ಬಿಡುವುದು, ಇಷ್ಟರಿಂದಲೇ ಅದು ಹೆಚ್ಚಿನಂಶ ನಿಲ್ಲುತ್ತದೆ. ಹೂದಳಗಳ ಮೇಲೆ ಮೂಡುವ ಸಣ್ಣ ಕಂದು ಚುಕ್ಕೆಗಳು ಬೋಟ್ರೈಟಿಸ್ ಎಂಬ ಶಿಲೀಂಧ್ರದವು. ತಂಪಾದ, ತೇವದ, ನಿಂತ ಗಾಳಿ ಅದಕ್ಕೆ ಇಷ್ಟ. ಹೂವು ಹಾಳಾದರೂ ಗಿಡ ಅದರಿಂದ ಸಾಯುವುದಿಲ್ಲ.

ರೋಗವೇ ಅಲ್ಲದ ಕಲೆಗಳನ್ನು ಗುರುತಿಸುವುದಕ್ಕೂ ಅಷ್ಟೇ ಗಮನ ಬೇಕು. ಬಿಸಿಲಿನ ಸುಟ್ಟಗಾಯ ಬೆಳಕಿಗೆ ನೇರವಾಗಿ ಒಡ್ಡಿದ ಭಾಗದಲ್ಲಿ ಮಾತ್ರ ಬರುತ್ತದೆ. ಮೊದಲು ಬಿಳುಚಿ, ಆಮೇಲೆ ಒಣಗಿ ಕಾಗದದಂತಾಗುತ್ತದೆ. ಬಿಸಿಲಲ್ಲಿರುವ ಎಲೆ ಮುಟ್ಟಿದರೆ ಬಿಸಿಯೆನಿಸಿದರೆ ಅಷ್ಟು ಬೆಳಕು ಅದಕ್ಕೆ ಹೆಚ್ಚಾಯಿತೆಂದೇ ಲೆಕ್ಕ. ಕೊರೆಯುವ ತಣ್ಣೀರು ಬಿದ್ದ ಫೆಲನಾಪ್ಸಿಸ್ ಎಲೆಯ ಒಳಗಿನ ಕೋಶಗಳು ಕುಸಿದು, ಕೆಲವು ವಾರಗಳ ನಂತರ ಮೇಲ್ಮೈಯಲ್ಲಿ ಗುಳಿಗಳು ಕಾಣಿಸುತ್ತವೆ. ಅಷ್ಟು ಹೊತ್ತಿಗೆ ತಣ್ಣೀರು ಹಾಕಿದ್ದು ಯಾರಿಗೂ ನೆನಪಿರುವುದಿಲ್ಲ. ತುದಿ ಮಾತ್ರ ಕಪ್ಪಾಗಿ, ಕುಂಡದ ಅಂಚಿನಲ್ಲಿ ಬಿಳಿಯ ಪುಡಿ ಕಟ್ಟಿದ್ದರೆ ಅದು ಗೊಬ್ಬರದ ಲವಣ, ಶುದ್ಧ ನೀರನ್ನು ಧಾರಾಳವಾಗಿ ಹಾಯಿಸಿ ತೊಳೆದರೆ ತೀರಿತು. ಕೆಳಗಿನ ಒಂದು ಹಳೆಯ ಎಲೆ ನಿಧಾನವಾಗಿ ಹಳದಿಯಾಗಿ ಉದುರುವುದು ವಯಸ್ಸಿನ ಸಂಗತಿ. ಹೂದಂಡಿನ ಮೇಲೆ ಅಲ್ಲಲ್ಲಿ ಕಾಣುವ ಜೇನಿನಂಥ ಅಂಟು ಹನಿಯನ್ನು ಆರೋಗ್ಯವಂತ ಗಿಡವೇ ಸ್ರವಿಸುತ್ತದೆ. ಎಲೆಯ ಅಡಿಯಲ್ಲೋ ಕಂಕುಳಲ್ಲೋ ಹಿಟ್ಟು ತಿಗಣೆ, ಶಲ್ಕಕೀಟಗಳು ಇಲ್ಲವೆಂದು ಖಚಿತಪಡಿಸಿಕೊಂಡರೆ ಸಾಕು. ಇದ್ದರೆ, ಶೇ 70ರ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ ತೆಗೆಯುವುದು, ವಾರ ಬಿಟ್ಟು ಮತ್ತೆ ಒರೆಸುವುದು.

ಆದರೆ ಎಲೆಗಿಂತ ಹೆಚ್ಚಿನ ಸತ್ಯ ಕುಂಡದೊಳಗಿದೆ. ನನ್ನ ಮೊದಲ ಫೆಲನಾಪ್ಸಿಸ್‌ನ ಎಲೆಗಳು ಜೋತುಬಿದ್ದು ಸುಕ್ಕುಗಟ್ಟಿದಾಗ ನೀರು ಸಾಲದೆಂದು ತಿಳಿದು ಹೆಚ್ಚು ಹಾಕಿದೆ. ಇನ್ನಷ್ಟು ಜೋತುಬಿದ್ದವು. ರೋಗವೆಂದು ಯಾರೋ ಹೇಳಿದ್ದರಿಂದ ಮೂರು ಬಾರಿ ಕಾರ್ಬೆಂಡಜಿಮ್ ಹೊಡೆದೆ. ಕೊನೆಗೆ ಗಿಡವನ್ನು ಹಿಡಿದೆತ್ತಿದರೆ ಯಾವ ಪ್ರತಿರೋಧವೂ ಇಲ್ಲದೆ ಕೈಗೆ ಬಂತು. ಕಂದು ಬಣ್ಣದ ಬೇರೊಂದನ್ನು ಎರಡು ಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಎಳೆದೆ. ಹೊರಗಿನ ಹೊದಿಕೆ ಒದ್ದೆ ಕಾಲುಚೀಲದಂತೆ ಕಳಚಿಕೊಂಡು ಬೆರಳಲ್ಲಿ ಉಳಿಯಿತು, ಗಿಡದಲ್ಲಿ ಉಳಿದದ್ದು ಒಂದು ತೆಳ್ಳನೆಯ ದಾರ. ಎಲ್ಲ ಬೇರುಗಳೂ ಹಾಗೆಯೇ ಇದ್ದವು. ಮಣ್ಣಿನ ಬದಲು ಕುಂಡಕ್ಕೆ ತುಂಬಿದ್ದ, ಎರಡು ವರ್ಷ ದಾಟಿದ ತೊಗಟೆಯ ಚೂರುಗಳು ಕರಗಿ ಕರಿಯ ಕೆಸರಾಗಿದ್ದವು, ಹೊರಗಿನ ಅಲಂಕಾರದ ಕುಂಡದ ತಳದಲ್ಲಿ ಎರಡು ಬೆರಳು ನೀರು ನಿಂತಿತ್ತು.

ಇದನ್ನು ವಿಸ್ತಾರವಾಗಿ ಹೇಳಲು ಕಾರಣವಿದೆ. ಇಂಥ ಆರ್ಕಿಡ್‌ಗಳು ಕಾಡಿನಲ್ಲಿ ಮರದ ಕೊಂಬೆಗೆ ಅಂಟಿಕೊಂಡು ಬದುಕುವ ಸಸ್ಯಗಳು; ಬಂದಳಿಕೆಯಂತೆ ಮರದ ರಸವನ್ನು ಹೀರುವುದಿಲ್ಲ, ಮಣ್ಣನ್ನೂ ಕಂಡಿಲ್ಲ. ಅವುಗಳ ಬೇರಿನ ಮೇಲೆ ವೆಲಾಮೆನ್ ಎಂಬ ಸ್ಪಂಜಿನಂಥ ಪದರವಿದ್ದು, ಒಣಗಿದ್ದಾಗ ಬೆಳ್ಳಿಯ ಬಣ್ಣಕ್ಕೂ ನೆನೆದಾಗ ಹಸಿರಿಗೂ ತಿರುಗುತ್ತದೆ. ಆ ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಗಾಳಿಯಿಲ್ಲದೆ ಬೇರು ಸತ್ತ ಮೇಲೆ ನೀರು ಹೀರಲು ಏನೂ ಉಳಿದಿರುವುದಿಲ್ಲ, ಆದ್ದರಿಂದ ನೀರಲ್ಲಿ ಮುಳುಗಿದ ಗಿಡವೂ ಬಾಯಾರಿದ ಗಿಡವೂ ಎಲೆಯಲ್ಲಿ ಒಂದೇ ರೀತಿ ಕಾಣುತ್ತವೆ. ಬಿಡಿಸಿ ನೋಡದೆ ಇವೆರಡನ್ನು ಬೇರ್ಪಡಿಸಲಾಗದು. ಪಾರದರ್ಶಕ ಕುಂಡದಲ್ಲಿ ನೆಟ್ಟರೆ ಬಿಡಿಸುವ ಕಷ್ಟವೂ ತಪ್ಪುತ್ತದೆ. ಸತ್ತ ಬೇರುಗಳನ್ನೆಲ್ಲ ಕತ್ತರಿಸಿ, ಗಟ್ಟಿಯಿರುವ ಒಂದೆರಡು ಬೇರುಳಿದರೂ ಹೊಸ ತೊಗಟೆಯಲ್ಲಿ ನೆಟ್ಟು, ನೆರಳು ಮತ್ತು ಗಾಳಿಯಲ್ಲಿನ ತೇವ ಕಾಪಾಡಿಕೊಂಡು, ಹೊಸ ಬೇರು ಬರುವವರೆಗೆ ಗೊಬ್ಬರ ನಿಲ್ಲಿಸಿದರೆ ಗಿಡ ಚೇತರಿಸಿಕೊಳ್ಳಬಹುದು. ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ.

ಫೆಲನಾಪ್ಸಿಸ್‌ಗೆ ಬೆಳೆಯುವ ಸುಳಿ ಒಂದೇ. ಕಾಡಿನಲ್ಲಿ ಅದು ಓರೆಯಾಗಿ ತೂಗಿಕೊಂಡಿರುವುದರಿಂದ ಮಳೆನೀರು ಜಾರಿಹೋಗುತ್ತದೆ. ಕುಂಡದಲ್ಲಿ ನೆಟ್ಟಗೆ ನಿಲ್ಲಿಸಿದ ಕಾರಣ ಸುಳಿಯಲ್ಲಿ ನಿಂತ ನೀರು ರಾತ್ರಿ ಕಳೆಯುವಷ್ಟರಲ್ಲಿ ಸುಳಿಕೊಳೆಗೆ ದಾರಿ ಮಾಡಿಕೊಡುತ್ತದೆ. ಮೇಲಿನಿಂದ ಔಷಧಿ ಸಿಂಪಡಿಸುವುದೆಂದರೆ ಸುಳಿಗೆ ನೀರು ತುಂಬುವುದೇ ಅಲ್ಲವೇ? ಸಿಂಪಡಿಸಿದ ಮೇಲೆ ಕಾಗದದ ಕರವಸ್ತ್ರದ ಮೂಲೆಯನ್ನು ಸುರುಳಿ ಮಾಡಿ ಸುಳಿಯ ನೀರನ್ನು ಹೀರಿಸಿ ಎಂಬ ಎಚ್ಚರಿಕೆಯ ಮಾತನ್ನಾದರೂ ಸೇರಿಸಬಹುದಿತ್ತು.

ವೈರಸ್ಸಿನ ಬಗ್ಗೆ ಅಂಕಣದಲ್ಲಿ ಒಂದು ಶಬ್ದವೂ ಇರಲಿಲ್ಲವೆಂಬುದು ನನ್ನ ಮುಖ್ಯ ಆಕ್ಷೇಪ. ಸಿಂಬಿಡಿಯಂ ಮೊಸಾಯಿಕ್ ವೈರಸ್ ಮತ್ತು ಒಡೊಂಟೊಗ್ಲಾಸಮ್ ರಿಂಗ್‌ಸ್ಪಾಟ್ ವೈರಸ್ ಎಂಬ ಎರಡು ನಂಜುಗಳು ಜಗತ್ತಿನಾದ್ಯಂತ ಆರ್ಕಿಡ್ ಸಂಗ್ರಹಗಳಲ್ಲಿ ಹರಡಿವೆ. ಎಲೆಯಲ್ಲಿ ಹಳದಿ ಗೆರೆ, ಕುಳಿಬಿದ್ದ ಕಪ್ಪು ಗೀರು, ಉಂಗುರದ ಗುರುತು, ಹೂವಿನ ಬಣ್ಣ ಒಡೆದು ತೇಪೆಯಾಗುವುದು ಇವುಗಳ ಲಕ್ಷಣ. ಯಾವ ಲಕ್ಷಣವನ್ನೂ ತೋರದೆ ವರ್ಷಗಟ್ಟಲೆ ಹೂ ಬಿಡುವ ಗಿಡಗಳೂ ಇವೆ. ಇವಕ್ಕೆ ಔಷಧಿಯಿಲ್ಲ. ಹರಡುವುದು ಮುಖ್ಯವಾಗಿ ನಮ್ಮದೇ ಕತ್ತರಿಯಿಂದ, ಒಂದು ಗಿಡದ ರಸ ಇನ್ನೊಂದರ ಗಾಯಕ್ಕೆ ತಾಗಿ. ಕತ್ತರಿಯನ್ನು ಆಲ್ಕೋಹಾಲಿನಿಂದ ಒರೆಸಿದರೆ ಬ್ಯಾಕ್ಟೀರಿಯಾ ಸಾಯಬಹುದು, ಆದರೆ ಈ ವೈರಸ್ಸುಗಳ ವಿಷಯದಲ್ಲಿ ಅದನ್ನು ನಂಬುವಂತಿಲ್ಲ. ಅಲಗನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಬೇಕು, ಇಲ್ಲವೆ ಟ್ರೈಸೋಡಿಯಂ ಫಾಸ್ಫೇಟಿನ ದ್ರಾವಣದಲ್ಲಿ ನೆನೆಸಿಡಬೇಕು. ನಾನು ಇವೆರಡರ ಗೊಡವೆಯೇ ಬೇಡವೆಂದು ಗಿಡಕ್ಕೊಂದರಂತೆ ಹೊಸ ಬ್ಲೇಡು ಬಳಸಿ ಎಸೆಯುತ್ತೇನೆ. ಎಲೆಯ ಚೂರನ್ನು ಅರೆದ ದ್ರವದಲ್ಲಿ ಅದ್ದಿದರೆ ಕೆಲವೇ ನಿಮಿಷಗಳಲ್ಲಿ ಗೆರೆ ಮೂಡುವ, ಗರ್ಭಪರೀಕ್ಷೆಯ ಪಟ್ಟಿಯನ್ನೇ ಹೋಲುವ ಪರೀಕ್ಷಾ ಪಟ್ಟಿಗಳಿವೆ. ಎರಡನೆಯ ಗೆರೆ ಮೂಡಿದ ದಿನ ಎಂಟು ವರ್ಷದ ಒಂದು ಕ್ಯಾಟ್ಲೀಯಾವನ್ನು ನಾನು ಕೈಯಾರೆ ಚೀಲಕ್ಕೆ ಹಾಕಿ ಬಾಯಿ ಕಟ್ಟಿದ್ದೇನೆ. ಅದನ್ನು ಉಳಿಸಿಕೊಂಡು ಬೇರೆ ಕೋಣೆಯಲ್ಲಿ ಇಡುವವರೂ ಇದ್ದಾರೆ, ಅವರನ್ನು ನಾನು ದೂರುವುದಿಲ್ಲ.

ಮನೆಮದ್ದಿನ ಬಗ್ಗೆಯೂ ಒಂದು ಮಾತು. ಕತ್ತರಿಸಿದ ಎಲೆಯ ಗಾಯಕ್ಕೆ ದಾಲ್ಚಿನ್ನಿ ಪುಡಿ ಹಚ್ಚುವುದು ಒಳ್ಳೆಯದೇ, ಅದು ಗಾಯವನ್ನು ಬೇಗ ಒಣಗಿಸುತ್ತದೆ. ಅದೇ ಗುಣದಿಂದಾಗಿ ಜೀವಂತ ಬೇರುಗಳ ಮೇಲೆ ಅದನ್ನು ಉದುರಿಸಿದರೆ ಬೇರೂ ಒಣಗುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಮುಂದೆ ಇಂಥ ಪ್ರಶ್ನೆ ಬಂದಾಗ ಎಲೆಯ ಮೇಲ್ಭಾಗದ ಚಿತ್ರದ ಜೊತೆಗೆ ಎಲೆಯ ಅಡಿಭಾಗದ್ದು ಮತ್ತು ಕುಂಡದಿಂದ ಹೊರತೆಗೆದ ಬೇರಿನದ್ದು, ಹೀಗೆ ಮೂರು ಚಿತ್ರಗಳನ್ನು ಕಳಿಸಲು ಓದುಗರನ್ನು ಕೇಳಿ. ಕಲೆ ಎಷ್ಟು ದಿನದಲ್ಲಿ ಎಷ್ಟು ಹರಡಿತು, ವಾಸನೆಯಿದೆಯೇ ಎಂಬುದನ್ನೂ ಬರೆಯಲು ಹೇಳಿ. ಔಷಧಿ ಸೂಚಿಸುವುದಾದರೆ ಅದರಲ್ಲಿರುವ ರಾಸಾಯನಿಕದ ಹೆಸರನ್ನೂ, ಯಾವ ರೋಗಕ್ಕೆಂಬುದನ್ನೂ, ಮುಚ್ಚಿದ ಕೋಣೆಯೊಳಗೆ ಸಿಂಪಡಿಸದೆ ಗಿಡವನ್ನು ಹೊರಗೊಯ್ದು ಕೈಗವಸು ತೊಟ್ಟು ಬಳಸಬೇಕೆಂಬುದನ್ನೂ ಅಚ್ಚುಮಾಡಿ. ಮೊನ್ನೆ ಪ್ರಶ್ನೆ ಕೇಳಿದ ಓದುಗರು ಇನ್ನೂ ಸಿಂಪಡಣೆ ಆರಂಭಿಸಿರದಿದ್ದರೆ, ಅದಕ್ಕೂ ಮೊದಲು ಗಿಡವನ್ನು ಕುಂಡದಿಂದ ಒಮ್ಮೆ ಎತ್ತಿ ನೋಡುವಂತೆ ಅವರಿಗೆ ಈ ಪತ್ರದ ಮೂಲಕ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ಹಳೆಯ ಓದುಗ