ನಂಬದೆಯೂ ತೂಗಿ ಕೊಟ್ಟ ಕೈಗೆ

ನಮ್ಮ ಮಗಳು ಪುಟ್ಟಿಯ ಪಥ್ಯ ಮುಗಿಯಿತು. ಹೋದ ವಾರ ಬೆಂಗಳೂರಿನ ಡಾಕ್ಟರು ರಿಪೋರ್ಟುಗಳನ್ನೆಲ್ಲ ನೋಡಿ, "ಇನ್ನು ಮನೆಯಲ್ಲಿ ನೀವು ಏನು ಉಣ್ಣುತ್ತೀರೋ ಅದನ್ನೇ ಅವಳಿಗೂ ಹಾಕಿ" ಅಂದರು. ಫಿಟ್ಸ್ ನಿಂತ ಮೇಲೆ ಒಂದು ಯುಗಾದಿ ದಾಟಿದೆ. ಮಾತ್ರೆಗಳಲ್ಲಿ ಒಂದು ನಿಂತಿದೆ, ಒಂದು ಇನ್ನೂ ನಡೆಯುತ್ತದೆ. ಕಾಯಿಲೆ ಹೇಗೆ ಶುರುವಾಯಿತು, ಎಲ್ಲೆಲ್ಲಿ ಅಲೆದೆವು ಅನ್ನುವುದು ಇದನ್ನು ಓದುವ ಮುಕ್ಕಾಲು ಪಾಲು ಜನಕ್ಕೆ ಗೊತ್ತು. ಅದರಲ್ಲಿ ಕೆಲವರು ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂತಿದ್ದವರು. ಆ ಕತೆ ಮತ್ತೆ ಬೇಡ. ಥ್ಯಾಂಕ್ಸ್ ಹೇಳುವುದು ಬಾಕಿ ಉಳಿದಿದೆ, ಅದಕ್ಕೆ ಕೂತಿದ್ದೇನೆ.

ಯಾವ ಹೊತ್ತಿನಲ್ಲಿ ಕರೆದರೂ ಫೋನ್ ಎತ್ತಿದ ಡಯಟೀಷಿಯನ್ ಮೇಡಂ, ಕೆಮ್ಮಿನ ಸಿರಪ್ಪಿನಲ್ಲೂ ಸಕ್ಕರೆ ಇರುತ್ತದೆ ಅಂತ ಪ್ರತಿ ಬಾಟಲಿಯ ಲೇಬಲ್ ಓದಿ ನೋಡಿ ಕೊಟ್ಟ ನಮ್ಮ ತುಮಕೂರಿನ ಬಟವಾಡಿಯ ಮೆಡಿಕಲ್ ಸ್ಟೋರಿನವರು, ರಜೆ ಕೇಳಿದಾಗಲೆಲ್ಲ ಮುಖ ಗಂಟು ಹಾಕದ ಬ್ಯಾಂಕಿನ ಸಹೋದ್ಯೋಗಿಗಳು, ಬರ್ತ್‌ಡೇ ಚಾಕೊಲೇಟ್ ಹಂಚುವ ದಿನ ಪುಟ್ಟಿಗೆಂದೇ ಸ್ಟಿಕ್ಕರ್ ಎತ್ತಿಡುತ್ತಿದ್ದ ಶಾಲೆಯ ಮಿಸ್ಸು, ಎಲ್ಲರಿಗೂ ನಮಸ್ಕಾರ. ಗಂಡನಿಗೆ ನಾಲ್ಕು ಜನರೆದುರು ಥ್ಯಾಂಕ್ಸ್ ಹೇಳಿದರೆ ಮುಜುಗರಪಡುತ್ತಾರೆ, ಅವರದ್ದು ಮನೆಯಲ್ಲೇ ಇತ್ಯರ್ಥ. ಒಂದನ್ನು ಮಾತ್ರ ಹೇಳಿಬಿಡುತ್ತೇನೆ: ಬೆಂಗಳೂರಿಗೆ ಹೋಗುವಾಗ ಕ್ಯಾತ್ಸಂದ್ರ ಹತ್ತಿರವಾಯಿತು ಅಂದರೆ ತಟ್ಟೆ ಇಡ್ಲಿಯ ವಾಸನೆ ಒಳಗೆ ಬರದಿರಲಿ ಅಂತ ಸದ್ದಿಲ್ಲದೆ ಕಾರಿನ ಗ್ಲಾಸ್ ಏರಿಸುತ್ತಿದ್ದರು, ಬೇಸಿಗೆಯಲ್ಲೂ.

ಪಥ್ಯ ಅಂದರೆ ಉಪ್ಪು ಹುಳಿ ಬಿಡುವುದು ಅಂದುಕೊಂಡವರು ಬಹಳ ಜನ. ಇದು ಕೀಟೋಜೆನಿಕ್ ಪಥ್ಯ. ನಾಲ್ಕು ಗ್ರಾಂ ಕೊಬ್ಬಿಗೆ ಒಂದು ಗ್ರಾಂ ಉಳಿದದ್ದು. ಆ ಒಂದು ಗ್ರಾಮಿನಲ್ಲೇ ಪ್ರೋಟೀನೂ ಬರಬೇಕು, ಪಿಷ್ಟವೂ ಬರಬೇಕು. ಲೆಕ್ಕ ಹಾಕಿದರೆ ಊಟದ ಶಕ್ತಿಯಲ್ಲಿ ನೂರಕ್ಕೆ 90 ಪಾಲು ಬೆಣ್ಣೆ, ಕೆನೆ, ಕೊಬ್ಬರಿ ಎಣ್ಣೆಯಿಂದಲೇ. ಅನ್ನ ಇಲ್ಲ, ಹಿಟ್ಟಿಲ್ಲ, ಚಪಾತಿ ಇಲ್ಲ, ಬೆಲ್ಲ ಇಲ್ಲ, ಬಾಳೆಹಣ್ಣಿಲ್ಲ. ದೇಹ ಸಕ್ಕರೆ ಬಿಟ್ಟು ಕೊಬ್ಬನ್ನು ಸುಡುವುದಕ್ಕೆ ಶುರುಮಾಡುತ್ತದೆ, ಆಗ ಹುಟ್ಟುವ ಕೀಟೋನಿನ ಮೇಲೆ ಮೆದುಳು ನಡೆಯುತ್ತದೆ, ಕೆಲವು ಮಕ್ಕಳಲ್ಲಿ ಫಿಟ್ಸ್ ತಗ್ಗುತ್ತದೆ. ಮೂತ್ರಕ್ಕೆ ಅದ್ದಿದ ಪಟ್ಟಿ ನೇರಳೆಗೆ ತಿರುಗಿದರೆ ಸರಿದಾರಿಯಲ್ಲಿದ್ದೇವೆ ಅಂತ ಅರ್ಥ. ಹಿಟ್ಟು ತಿಂದು ಬೆಟ್ಟ ಕಿತ್ತಿಡುವ ಜನ ನಾವು. ನಮ್ಮೂರಲ್ಲಿ ಐದು ವರ್ಷದ ಮಗುವಿನ ತಟ್ಟೆಯಲ್ಲಿ ಮುದ್ದೆ ಇಲ್ಲ ಅಂದರೆ ಯಾರು ಸುಮ್ಮನಿರುತ್ತಾರೆ?

ಯಾರೂ ಸುಮ್ಮನಿರಲಿಲ್ಲ. "ಅದು ದಪ್ಪಗಿರೋರು ಸಣ್ಣ ಆಗೋಕೆ ಮಾಡೋದಲ್ವಾ?" ಅಂದರು. "ಯೂಟ್ಯೂಬ್ ನೋಡಿ ಮಗೂಗೆ ಮಾಡ್ತಿದೀರಾ?" ಅಂದರು. ಒಬ್ಬ ಡಾಕ್ಟರೇ, ಅವರ ಹೆಸರು ಇಲ್ಲಿ ಬೇಡ, "ಎಣ್ಣೆ ಕುಡಿಸಿದರೆ ಫಿಟ್ಸ್ ಹೋಗೋದಾದರೆ ನಾವೆಲ್ಲ ಯಾಕೆ ಓದಬೇಕಿತ್ತು" ಅಂತ ನಕ್ಕರು.

ಅನುಮಾನ ಪಟ್ಟವರಲ್ಲಿ ನನಗೆ ನಿಜವಾಗಿ ಉಪಕಾರ ಮಾಡಿದವರು ನಮ್ಮ ಭಾವ. ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವರು, "ಇದಕ್ಕೆ ಆಧಾರ ಏನಮ್ಮ?" ಅಂದರು. ಕೇಳಿ ಬಿಡಲಿಲ್ಲ, ತಾವೇ ಹುಡುಕಿ ಓದಿಕೊಂಡು ಬಂದರು. ಹೊಸ ಫ್ಯಾಷನ್ ಅಂದುಕೊಂಡಿದ್ದು 1921ರಷ್ಟು ಹಳೆಯದು, ಅಮೆರಿಕದ ಮೇಯೊ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಹೇಳಿದ್ದು. ಉಪವಾಸ ಇದ್ದಾಗ ಫಿಟ್ಸ್ ತಗ್ಗುವುದನ್ನು ಕಂಡು, ಉಪವಾಸವಿಲ್ಲದೆ ಅದೇ ಪರಿಣಾಮ ತರುವ ಊಟ ಯಾವುದು ಅಂತ ಯೋಚಿಸಿದ್ದು. 1938ರಲ್ಲಿ ಫೆನಿಟಾಯಿನ್ ಅನ್ನುವ ಫಿಟ್ಸ್ ಔಷಧಿ ಬಂದ ಮೇಲೆ ಮಾತ್ರೆ ನುಂಗಿಸುವುದು ಸುಲಭವಾಯಿತು, ಪಥ್ಯ ಮೂಲೆಗೆ ಸೇರಿತು. 2008ರಲ್ಲಿ ಲಂಡನ್ನಿನಲ್ಲಿ 145 ಮಕ್ಕಳ ಮೇಲೆ ಸರಿಯಾದ ಪರೀಕ್ಷೆ ನಡೆಯಿತು: ಮೂರು ತಿಂಗಳಿಗೆ, ಪಥ್ಯ ಮಾಡಿದವರಲ್ಲಿ ನೂರಕ್ಕೆ 38 ಮಕ್ಕಳಿಗೆ ಫಿಟ್ಸ್ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು, ಮಾಡದವರಲ್ಲಿ ನೂರಕ್ಕೆ 6. ದೆಹಲಿಯ ಏಮ್ಸ್‌ನವರು ಇದರ ಸ್ವಲ್ಪ ಸಡಿಲವಾದ ರೂಪವನ್ನು 102 ಮಕ್ಕಳ ಮೇಲೆ ನೋಡಿ 2013ರಲ್ಲಿ ಪ್ರಕಟಿಸಿದ್ದರು, ಅಲ್ಲೂ ಫಲ ಇತ್ತು. ಇಷ್ಟನ್ನೂ ಹೇಳಿ ಭಾವ ಕೊನೆಗೆ, "ನೂರಕ್ಕೆ 38 ಅಂದರೆ ಉಳಿದ 62 ಮಕ್ಕಳಿಗೆ ಅಷ್ಟು ಫಲ ಸಿಗಲಿಲ್ಲ ಅಂತಲೂ ಹೌದು, ಅದನ್ನೂ ತಲೆಯಲ್ಲಿಟ್ಟುಕೊಂಡು ಶುರು ಮಾಡಿ" ಅಂದರು. ಆಸೆ ಹುಟ್ಟಿಸಿದವರಿಗಿಂತ ಈ ಒಂದು ಮಾತು ನನಗೆ ಹೆಚ್ಚು ಆಸರೆಯಾಯಿತು.

ಇನ್ನು ಅತ್ತೆ.

ಅತ್ತೆ ಚಿಕ್ಕನಾಯಕನಹಳ್ಳಿ ಕಡೆಯವರು. ಕಾಯಿ ಅಟ್ಟಕ್ಕೆ ಏರಿಸಿ, ತಿಂಗಳುಗಟ್ಟಲೆ ಕಾದು, ಉಂಡೆ ಕೊಬ್ಬರಿ ಮಾಡಿ ತಿಪಟೂರಿಗೆ ಹಾಕುವ ಮನೆಯಲ್ಲಿ ಹುಟ್ಟಿ ಬೆಳೆದವರು. ಪಥ್ಯದ ಮಾತು ಎತ್ತಿದ ದಿನ ಮನೆಯಲ್ಲಿ ಎಲ್ಲರಿಗಿಂತ ಜೋರಾಗಿ ಬೇಡ ಅಂದಿದ್ದು ಅವರೇ. "ಅನ್ನ ಇಲ್ಲ, ಹಿಟ್ಟಿಲ್ಲ. ಇದು ಮಗೂನ ಬದುಕ್ಸೋ ಔಷ್ದಿನೋ ಒಣಗ್ಸೋ ಔಷ್ದಿನೋ?" ನಾನು ಭಾವ ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಉಪವಾಸದ ಸಂಗತಿಗೆ ಮಾತ್ರ ತಲೆ ಆಡಿಸಿದರು. ಉಳಿದದ್ದು ಅವರ ಕಿವಿಗೆ ಹೋಗಲಿಲ್ಲ. ಕೊನೆಗೆ, "ನನಗೆ ನಂಬ್ಕೆ ಇಲ್ಲಮ್ಮ. ಆದ್ರೆ ತಾಯಿ ನೀನು. ಏನೇನು ಮಾಡ್ಬೇಕು ಹೇಳು" ಅಂದರು.

ಹೇಳಿದೆ. ಡಿಜಿಟಲ್ ತಕ್ಕಡಿ ಒತ್ತುವುದು, ಬಟ್ಟಲಿಟ್ಟು ಸೊನ್ನೆ ಮಾಡುವುದು, ಗ್ರಾಮಿನ ಆಚೆ ಇರುವ ಅಂಕಿಯನ್ನೂ ನೋಡುವುದು. ನಾನು ಬ್ಯಾಂಕಿಗೆ ಹೋದ ಮೇಲೆ ಮಧ್ಯಾಹ್ನದ ಊಟ ಪೂರ್ತಿ ಅವರದ್ದು. ಚಮಚದ ತುದಿಯಲ್ಲಿ ಬೆಣ್ಣೆ ತೆಗೆದು, ಹೆಚ್ಚಾದರೆ ಕೆರೆದು, ಕಡಿಮೆಯಾದರೆ ಸೇರಿಸಿ, ಅಂಕಿ ನಿಲ್ಲುವ ತನಕ ಉಸಿರು ಬಿಗಿಹಿಡಿದು ಬಗ್ಗಿ ನೋಡುತ್ತಿದ್ದರು. ಈ ಪಥ್ಯದಲ್ಲಿ ತೂಗಿದ್ದೆಲ್ಲ ಹೊಟ್ಟೆಗೆ ಹೋಗಬೇಕು, ಎಣ್ಣೆ ಬಟ್ಟಲಿಗೆ ಅಂಟಿಕೊಂಡರೆ ಲೆಕ್ಕ ತಪ್ಪುತ್ತದೆ. ಹಾಗಾಗಿ ಆಮ್ಲೆಟ್ಟಿನ ಕೊನೇ ಚೂರಿನಿಂದ ಸ್ಟೀಲ್ ಬಟ್ಟಲನ್ನು ಸುತ್ತ ಒರೆಸಿ, ಅದನ್ನು ಪುಟ್ಟಿಯ ಬಾಯಿಗಿಟ್ಟು, ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿ ಆಮೇಲೆ ತೊಳೆಯಲು ಹಾಕುತ್ತಿದ್ದರು. ಮೊದಮೊದಲು ಪುಟ್ಟಿ ತುಟಿ ಬಿಗಿದು ಮುಖ ತಿರುಗಿಸುತ್ತಿದ್ದಳು. ಅಜ್ಜಿ ಬೈಯುತ್ತಿರಲಿಲ್ಲ, ತಿಂದು ಮುಗಿಸುವ ತನಕ ಎಬ್ಬಿಸುತ್ತಲೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಶುರು ಮಾಡಿಸಿ ಮನೆಗೆ ಬಂದ ಮೊದಲ ವಾರದಲ್ಲೇ ಆ ರಾತ್ರಿ ಬಂತು. ಇವರು ವಸಂತನರಸಾಪುರದಲ್ಲಿ ನೈಟ್ ಶಿಫ್ಟಿನಲ್ಲಿದ್ದರು. ಪುಟ್ಟಿ ಸಂಜೆಯಿಂದ ಕುಡಿದದ್ದನ್ನೆಲ್ಲ ವಾಂತಿ ಮಾಡಿದಳು. ಮಧ್ಯರಾತ್ರಿ ಹೊತ್ತಿಗೆ ಮೈ ಸಡಿಲವಾಗಿ, ಕೂಗಿದರೆ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚುತ್ತಿದ್ದಳು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ ತೀರ ಇಳಿದಿತ್ತು. ಆಸ್ಪತ್ರೆಯವರು ಕೊಟ್ಟ ಹಾಳೆ ಫ್ರಿಜ್ಜಿನ ಮೇಲೆಯೇ ಅಂಟಿಸಿತ್ತು, ಆದರೆ ನನ್ನ ಕಣ್ಣಿಗೆ ಅಕ್ಷರ ನಿಲ್ಲುತ್ತಿರಲಿಲ್ಲ. ಅತ್ತೆ ಅದನ್ನು ಕಿತ್ತು ತಂದು ನನ್ನ ಕೈಗಿಟ್ಟು, "ಜೋರಾಗಿ ಓದು" ಅಂದರು. ಓದಿದೆ. ಇಂಥ ಹೊತ್ತಿಗೆ ಅಂತ ತಂದಿಟ್ಟಿದ್ದ ಕಿತ್ತಳೆ ಹಿಂಡಿದರು, ಸಿರಿಂಜಿನಲ್ಲಿ ಎಳೆದರು, ಬರೆದಷ್ಟಕ್ಕೇ ನಿಲ್ಲಿಸಿದರು. ಒಂದೊಂದೇ ಹನಿ ಕೆನ್ನೆಯ ಒಳಗೆ ಬಿಟ್ಟರು. ಮೇಡಂಗೆ ಫೋನ್ ಮಾಡಿದೆ. ಕಾಲು ಗಂಟೆ ಬಿಟ್ಟು ಮತ್ತೆ ಚುಚ್ಚಿ ನೋಡಿ, ಏರದಿದ್ದರೆ ಸೀದಾ ಆಸ್ಪತ್ರೆಗೆ ಹೊರಡಿ ಅಂದರು. ಅತ್ತೆ ಎದುರುಮನೆ ಬಾಗಿಲು ಬಡಿದು ಕಾರು ತೆಗೆದು ನಿಲ್ಲಿಸಲು ಹೇಳಿ ಬಂದರು.

ಸಕ್ಕರೆ ಏರಿತು. ಕಾರು ಬೇಕಾಗಲಿಲ್ಲ. ಎದುರುಮನೆಯವರೇ, ಆವತ್ತು ಬನಿಯನ್ನಿನಲ್ಲೇ ಬೀಗದ ಕೈ ಹಿಡಿದು ಗೇಟಿನ ಹತ್ತಿರ ನಿಂತಿದ್ದಿರಿ, ನಾವು ನಿಮ್ಮನ್ನು ಒಳಗೂ ಕರೆಯಲಿಲ್ಲ.

ಗಂಡಾಂತರ ದಾಟಿದ ಮೇಲೆ ನಾನು ಕುಸಿದೆ. ಇದನ್ನು ಬರೆಯಬೇಕೋ ಬೇಡವೋ ಅಂತ ಬಹಳ ಯೋಚಿಸಿದೆ. ಹೆತ್ತ ಮಗುವಿಗೆ ಹಸಿವಾದಾಗ ಒಂದು ತುತ್ತು ಅನ್ನ ಹಾಕಲಾರದವಳು ಎಂಥ ತಾಯಿ ಅಂತ ಅನ್ನಿಸಿತು. ದೇವರ ಮೇಲೆ, ಡಾಕ್ಟರ ಮೇಲೆ, ಶಿಫ್ಟಿಗೆ ಹೋದ ಗಂಡನ ಮೇಲೆ, ನನಗೆ ಬಂದ ಸಿಟ್ಟಿಗೆ ಲೆಕ್ಕವಿಲ್ಲ. ಅಡುಗೆಮನೆ ನೆಲದ ಮೇಲೆ ಕೂತು, "ಸಾಕು ಅತ್ತೆ. ನೀವು ಹೇಳಿದ್ದೇ ಸರಿ. ಗಂಜಿ ಕೊಟ್ಟುಬಿಡೋಣ" ಅಂದೆ.

ಅವರು ಗೆದ್ದಿದ್ದ ಹೊತ್ತು ಅದು. ಶುರುವಿನಿಂದ ಬೇಡ ಅಂದವರು, ಈಗ ನಾನೇ ಬೇಡ ಅನ್ನುತ್ತಿದ್ದೇನೆ. ಒಂದು 'ಹೂಂ' ಅಂದಿದ್ದರೆ ಪಥ್ಯ ಅಲ್ಲಿಗೇ ಮುಗಿಯುತ್ತಿತ್ತು. ಅತ್ತೆ ಅಂದದ್ದು ಇಷ್ಟು: "ಬೆಳಕು ಹರೀಲಿ, ಆಮೇಲೆ ಹೇಳು. ರಾತ್ರಿ ಹೊತ್ತು ಯಾವ್ದನ್ನೂ ತೀರ್ಮಾನ ಮಾಡಬ್ಯಾಡ."

ನನ್ನನ್ನು ಮಲಗಲು ಕಳಿಸಿ, ಪುಟ್ಟಿಯನ್ನು ತೊಡೆಯ ಮೇಲೆ ಹಾಕಿಕೊಂಡು, ಮೇಡಂ ಹೇಳಿದ ಅಂತರಕ್ಕೆ ನೀರು ಗುಟುಕಿಸುತ್ತ ಕೂತರು. ಬೆಳಿಗ್ಗೆ ನಾನು ಏನೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ತಕ್ಕಡಿ ತಂದು ಕಟ್ಟೆಯ ಮೇಲಿಟ್ಟು, "ಬೆಣ್ಣೆ ಎಷ್ಟು?" ಅಂದರು.

ಆಮೇಲಿನ ದಿನಗಳು ಸುಲಭ ಅಂತಲ್ಲ, ಆದರೆ ದಾರಿ ಸಿಕ್ಕಿತು. ಫಿಟ್ಸ್ ಮೊದಲು ಚಿಕ್ಕದಾಯಿತು, ಆಮೇಲೆ ವಿರಳವಾಯಿತು. ಎಲ್ಲರ ಜೊತೆ ಕೂತು ಉಣ್ಣುವಾಗ ಪುಟ್ಟಿ ಮುದ್ದೆ ನೋಡಿ ಅಳುತ್ತಿದ್ದಳು. ಮುಚ್ಚಿಟ್ಟು ತಿನ್ನೋಣ ಅನ್ನುವುದು ನನ್ನ ವಾದ; "ಎಷ್ಟು ದಿನ ಕಳ್ಳರ ಹಂಗೆ ತಿಂತೀಯ" ಅನ್ನುವುದು ಅವರದ್ದು. ಅವರೇ ಒಂದು ದಾರಿ ಮಾಡಿದರು. ಕೊಬ್ಬರಿಯ ಹಿಟ್ಟಿಗೆ ಇಸಬಗೋಲ್, ಬಿಸಿನೀರು, ಬೆಣ್ಣೆ ಕಲಸಿ, ಕೈ ಒದ್ದೆ ಮಾಡಿಕೊಂಡು, ನಿಂಬೆಹಣ್ಣಿನ ಗಾತ್ರದ ಮುದ್ದೆ ಕಟ್ಟಿದರು. ಅದನ್ನು ಮೇಡಂಗೆ ಹೇಳಿ ಲೆಕ್ಕಕ್ಕೆ ಸೇರಿಸಿಕೊಂಡೆವು. ಪುಟ್ಟಿ ಅದನ್ನು ನಮ್ಮ ಹಾಗೆಯೇ ಮುರಿದು, ತೂಗಿ ಹಾಕಿದ ಸೊಪ್ಪಿನ ಸಾರಿಗೆ ಅದ್ದಿ ನುಂಗಿದಳು. ಅಗಿಯದೆ.

ಸಂಬಂಧಿಕರ ಮದುವೆಯೊಂದರಲ್ಲಿ ಒಬ್ಬರು, "ದೇವರ ಪ್ರಸಾದ, ಏನೂ ಆಗಲ್ಲ" ಅಂತ ನಾವು ಅತ್ತ ತಿರುಗಿದಾಗ ಅವಳ ಬಾಯಿಗೆ ಲಾಡಿನ ಚೂರು ಹಾಕಿದರು. ಸಂಜೆ ಮೂತ್ರಕ್ಕೆ ಅದ್ದಿದ ಪಟ್ಟಿ ಬಿಳಿಚಿಕೊಂಡಿತು, ರಾತ್ರಿ ಫಿಟ್ಸ್ ಬಂತು. ನಾನು ಅತ್ತು ಸುಮ್ಮನಾದೆ. ಅತ್ತೆ ಮಾರನೆಯ ದಿನ ಬೀಗರ ಔತಣದಲ್ಲಿ ಅವರನ್ನು ಹುಡುಕಿಕೊಂಡು ಹೋಗಿ ಹೇಳಿದರು: "ನಂಗೂ ನಂಬ್ಕೆ ಇಲ್ಲ. ಅಂತ ನಾನು ಬಾಯಿಗೆ ಹಾಕಿದ್ನಾ?"

ನನ್ನ ಪರವಾಗಿ ವಾದ ಮಾಡಿದವರು ಹಲವರಿದ್ದರು. ನೀನು ಮಾಡುತ್ತಿರುವುದೇ ಸರಿ ಅಂತ ಬೆನ್ನು ತಟ್ಟಿ, ಬರುವಾಗ ಬಿಸ್ಕೆಟ್ ಪೊಟ್ಟಣ ತಂದವರೂ ಇದ್ದರು. ತನಗೆ ಒಪ್ಪಿಗೆಯಿಲ್ಲದ ಕೆಲಸವನ್ನು ಒಂದು ಗ್ರಾಂ ಆಚೀಚೆ ಮಾಡದೆ ಮಾಡಿದವರು ಒಬ್ಬರೇ. ಈಗಲೂ ಅವರಿಗೆ ಎಣ್ಣೆ ಬೆಣ್ಣೆಯಿಂದ ವಾಸಿಯಾಯಿತು ಅನ್ನುವುದು ಒಪ್ಪಿಗೆಯಿಲ್ಲ. ಗೊರವನಹಳ್ಳಿ ಮಹಾಲಕ್ಷ್ಮಿಗೆ ಹೊತ್ತ ಹರಕೆ ಫಲಿಸಿದೆ. ಮೊನ್ನೆ ಡಾಕ್ಟರ ಮಾತು ಕೇಳಿ ಹೊರಗೆ ಬಂದಾಗ ನಾನು, "ಈಗಲಾದರೂ ನಂಬ್ತೀರಾ?" ಅಂದೆ. "ನೀನು ಬೆಣ್ಣೆ ಅಂತೀಯ, ಹಂಗೇ ಅನ್ಕೋ. ಮಗು ಚೆನ್ನಾಗೈತಲ್ಲ" ಅಂದು ನಡೆದರು. ನಾನೂ ವಾದ ಬೆಳೆಸಲಿಲ್ಲ. ಅತ್ತೆ, ನಿಮಗೆ ಎದುರಿಗೆ ಕೂತು ಹೇಳಲು ಬಾಯಿ ಬರುವುದಿಲ್ಲ, ಅದಕ್ಕೆ ಬರೆದೆ. ಭಾವ ಓದಿ ಹೇಳುತ್ತಾರೆ.

ಇಂಥದೇ ಕಷ್ಟದಲ್ಲಿರುವ ಕೆಲವು ಅಪ್ಪ ಅಮ್ಮಂದಿರು ಅಡುಗೆಯ ಅಳತೆ ಕಳಿಸಿ ಅಂತ ಕೇಳಿದ್ದೀರಿ. ಕಳಿಸುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಕೆಲವು ಮಕ್ಕಳ ದೇಹಕ್ಕೆ ಕೊಬ್ಬನ್ನು ಬಳಸುವ ಶಕ್ತಿಯೇ ಹುಟ್ಟಿನಿಂದ ಇರುವುದಿಲ್ಲ, ಅವರಿಗೆ ಈ ಪಥ್ಯ ಪ್ರಾಣಕ್ಕೇ ಅಪಾಯ. ಮೊದಲು ರಕ್ತ, ಮೂತ್ರ ಪರೀಕ್ಷೆ ಆಗಲೇಬೇಕು. ಪ್ರತಿ ಮಗುವಿನ ತೂಕಕ್ಕೆ, ವಯಸ್ಸಿಗೆ ಅಳತೆ ಬೇರೆ. ಮಲಬದ್ಧತೆ, ಕಿಡ್ನಿಯಲ್ಲಿ ಕಲ್ಲು, ಬೆಳವಣಿಗೆ ನಿಧಾನವಾಗುವುದು, ಇವನ್ನೆಲ್ಲ ಕಾಯ್ದು ನೋಡಬೇಕು. ಕ್ಯಾಲ್ಸಿಯಂ, ವಿಟಮಿನ್ ಬೇರೆಯಾಗಿ ಕೊಡಬೇಕು. ನಡೆಯುತ್ತಿರುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಮಕ್ಕಳ ನರರೋಗದ ಡಾಕ್ಟರ ಹತ್ತಿರ ಹೋಗಿ ಕೇಳಿ. ಆಮೇಲೆ ಫೋನ್ ಮಾಡಿ, ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತೇನೆ. ಕೊಬ್ಬರಿ ಮುದ್ದೆ ಕಟ್ಟುವುದು ಹೇಗೆ ಅಂತ ಅತ್ತೆ ಹೇಳಿಕೊಡುತ್ತಾರೆ, ಅವರಿಗೆ ಅದರಲ್ಲಿ ಸ್ವಲ್ಪ ಜಂಬವೂ ಇದೆ.

ಬರುವ ಶುಕ್ರವಾರ ಗೊರವನಹಳ್ಳಿಗೆ ಹೋಗಿ ಹರಕೆ ತೀರಿಸಿ ಬರುತ್ತೇವೆ. ಭಾನುವಾರ ಮಧ್ಯಾಹ್ನ ಮನೆಯಲ್ಲಿ ಹಿಟ್ಟು, ಬಸ್ಸಾರು. ಹತ್ತಿರದವರು ಯಾರಿಗೆ ಬಿಡುವಿದೆಯೋ ಬನ್ನಿ. ಎದುರುಮನೆಯವರು ಮೊದಲ ಪಂಕ್ತಿಗೇ ಬರಬೇಕು. ಪುಟ್ಟಿಗೆ ಅಂತ ಸಿಹಿ ತರಬೇಡಿ. ಜಾಮೂನು ಕೊಟ್ಟರೆ ನೆಕ್ಕಿ ವಾಪಸ್ ಇಡುತ್ತಾಳೆ. ಏನಾದರೂ ತರಲೇಬೇಕು ಅಂದರೆ ಬೆಣ್ಣೆ ತನ್ನಿ.