ಸಂಸದರೇ, ಉತ್ತರ ಯಾವ ಭಾಷೆಯಲ್ಲಿ ಕೊಡುತ್ತೀರಿ?

ಮಾನ್ಯ ಸಂಸದರಿಗೆ ನಮಸ್ಕಾರ.

ನನ್ನ ಊರು ಕೊಡಗಿನ ಭಾಗಮಂಡಲದ ಕಡೆ, ತೋಟ ಸಿದ್ದಾಪುರದ ಹತ್ತಿರ. ತೋಟ ಅಂದ ಕೂಡಲೇ ದೊಡ್ಡ ಸಾಹುಕಾರ ಅಂದುಕೊಳ್ಳಬೇಡಿ, ಮೂರು ಎಕರೆ ಕಾಫಿ, ಸ್ವಲ್ಪ ಮೆಣಸು, ಆನೆ ಬಂದು ತುಳಿದದ್ದು ಕಳೆದು ಉಳಿದದ್ದು ನಮಗೆ. ಈ ಪತ್ರ ಆನೆ ವಿಷಯಕ್ಕಲ್ಲ. ಅದನ್ನು ಬೇರೆ ಬರೆಯುತ್ತೇನೆ. ಇದು ಭಾಷೆ ವಿಷಯ.

ಹೋದ ತಿಂಗಳು ನಮ್ಮ ತೋಟಕ್ಕೆ ಮೊದಲು ಕೆಲಸಕ್ಕೆ ಬರುತ್ತಿದ್ದ ಎರವರ (ಇಲ್ಲಿನ ಒಂದು ಬುಡಕಟ್ಟು) ಅಜ್ಜಿಯೊಬ್ಬರನ್ನು ಪೇಟೆಯ ಬ್ಯಾಂಕಿಗೆ ಕರೆದುಕೊಂಡು ಹೋಗಿದ್ದೆ. ಯಾವ ಬ್ಯಾಂಕು ಅಂತ ಹೇಳಲ್ಲ, ಹೇಳಿದರೆ ಅಲ್ಲಿನ ಪಾಪದ ಹುಡುಗನಿಗೆ ನೋಟಿಸು ಹೋಗುತ್ತದೆ ಅಷ್ಟೆ. ಅಜ್ಜಿಗೆ ವೃದ್ಧಾಪ್ಯ ವೇತನ ತೆಗೆಯಬೇಕಿತ್ತು. ಹಣ ತೆಗೆಯುವ ಚೀಟಿ ಹಿಂದಿ ಮತ್ತು ಇಂಗ್ಲಿಷಿನಲ್ಲಿತ್ತು. ಹೋದ ಸಲಕ್ಕೂ ಈ ಸಲಕ್ಕೂ ಹೆಬ್ಬೆಟ್ಟಿನ ಗುರುತು ತಾಳೆ ಆಗುತ್ತಿಲ್ಲ ಅಂತ ಕೌಂಟರಿನ ಹುಡುಗ ಹಿಂದಿಯಲ್ಲಿ ಹೇಳುತ್ತಿದ್ದಾನೆ. ಅಜ್ಜಿ ಎರವ ಭಾಷೆಗೆ ಕನ್ನಡ ಬೆರೆಸಿ ಏನೋ ಹೇಳುತ್ತಿದ್ದಾರೆ. ನನಗೆ ಅಜ್ಜಿಯ ಮಾತು ಅರ್ಧ ಗೊತ್ತಾಗುತ್ತದೆ, ಹುಡುಗನದು ಕಾಲು ಭಾಗ. ಅಷ್ಟರಲ್ಲಿ ಪುಣ್ಯಕ್ಕೆ ನಮ್ಮ ಪಕ್ಕದ ಮನೆ ಮಾವ ಬಂದರು. ಕೊಡವರು, ಸೈನ್ಯದಲ್ಲಿ ಹವಾಲ್ದಾರ್ ಆಗಿದ್ದವರು, ಪಿಂಚಣಿಗೆ ಬಂದಿದ್ದರು. ಅಜ್ಜಿ ನನಗೆ ಹೇಳೋದು, ನಾನು ಮಾವನಿಗೆ ಕನ್ನಡದಲ್ಲಿ ಹೇಳೋದು, ಮಾವ ಹುಡುಗನಿಗೆ ಹಿಂದಿಯಲ್ಲಿ, ಹುಡುಗ ಒಳಗಿನ ಮ್ಯಾನೇಜರಿಗೆ ಇಂಗ್ಲಿಷಿನಲ್ಲಿ. ಎರಡು ಸಾವಿರ ರೂಪಾಯಿ ಕೈಗೆ ಬರೋ ಹೊತ್ತಿಗೆ ನಾಲ್ಕು ಭಾಷೆ, ಮುಕ್ಕಾಲು ಗಂಟೆ.

ಅದೇ ಗೋಡೆಯ ಮೇಲೆ ಹಿಂದಿ ದಿನದ ಬ್ಯಾನರ್ ಇನ್ನೂ ನೇತಾಡುತ್ತಿತ್ತು. ಸೆಪ್ಟೆಂಬರ್ 14ರದ್ದು. ಬ್ಯಾನರ್ ಮಾಡಿಸೋಕೆ ದುಡ್ಡಿದೆ, ಚೀಟಿಗೆ ಕನ್ನಡದ ಒಂದು ಸಾಲು ಸೇರಿಸೋಕೆ ಇಲ್ಲ. ಗ್ರಾಹಕರಿಗೆ ಕೊಡುವ ಅಚ್ಚಿನ ಫಾರಂ ಹಿಂದಿ, ಇಂಗ್ಲಿಷ್ ಜೊತೆ ಆಯಾ ರಾಜ್ಯದ ಭಾಷೆಯಲ್ಲೂ ಇರಬೇಕು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ. ಹಾಗಾಗಿ ನಾನು ಹೊಸದಾಗಿ ಏನೂ ಕೇಳುತ್ತಿಲ್ಲ.

ನಿಮಗೆ ಅನ್ನಿಸಬಹುದು, ಇವನೂ ಹಿಂದಿ ಬೇಡ ಅಂತ ಬೊಬ್ಬೆ ಹಾಕೋನು ಅಂತ. ಅಲ್ಲ. ಕೊಡಗಿನವನಿಗೆ ಹಿಂದಿ ಮೇಲೆ ಸಿಟ್ಟು ಬರೋದು ಕಷ್ಟ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಜಿಲ್ಲೆ ಇದು, ಮನೆಗೊಬ್ಬರು ಅಲ್ಲದಿದ್ದರೂ ಬೀದಿಗೊಬ್ಬರು ಸೈನ್ಯದಲ್ಲಿ ಹಿಂದಿ ಕಲಿತು ಬಂದಿದ್ದಾರೆ. ಈಗ ತೋಟದ ಲೈನ್ ಮನೆಗಳಲ್ಲಿ ಅಸ್ಸಾಮಿನವರು, ಬಂಗಾಳದವರು. ಅವರ ಹತ್ತಿರ ಮಾತಾಡಿ ಮಾತಾಡಿ ತೋಟದ ಲೆಕ್ಕ ಬರೆಯೋ ನಮ್ಮ ರೈಟರುಗಳು ಹಿಂದಿ ಕಲಿತರು, ಯಾವ ಸರ್ಕಾರದ ಸುತ್ತೋಲೆಯೂ ಬರಲಿಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರಿನಲ್ಲಿ ಗುಡ್ಡ ಕುಸಿದಾಗ ನಮ್ಮ ನೆಂಟರನ್ನು ದಾಟಿಸಿದ ಜವಾನರು ಹಿಂದಿಯಲ್ಲೇ ಮಾತಾಡುತ್ತಿದ್ದರು, ಅವರ ಕೈ ಹಿಡಿದವರು ಇಲ್ಲಿನ ಗೌಡರ ಮನೆಮಾತು ಅರೆಭಾಷೆಯಲ್ಲಿ ಅಳುತ್ತಿದ್ದರು. ಆಗ ಯಾರೂ ಭಾಷೆ ಕೇಳಲಿಲ್ಲ. ಬೇಕಾದಾಗ ಜನ ಕಲಿಯುತ್ತಾರೆ. ಅದು ಜಗಳವೇ ಅಲ್ಲ.

ನನ್ನ ಜಗಳ ಬೇರೆ. ಇಷ್ಟು ಭಾಷೆ ಇರೋ ದೇಶಕ್ಕೆ ಅಧಿಕೃತ ಭಾಷೆ ಅಂತ ಒಂದು ಬೇಕಾ, ಬೇಡವಾ ಅಂತ ಕೇಳುವಾಗ ನಾವು ಎರಡು ವಿಷಯವನ್ನು ಒಂದೇ ಚೀಲಕ್ಕೆ ತುಂಬುತ್ತೇವೆ. ದೆಹಲಿಯ ಒಂದು ಕಚೇರಿ ಇನ್ನೊಂದು ಕಚೇರಿಗೆ ಯಾವ ಭಾಷೆಯಲ್ಲಿ ಫೈಲು ಕಳಿಸಬೇಕು ಅನ್ನೋದು ಒಂದು. ಅದಕ್ಕೆ ಒಂದೋ ಎರಡೋ ಭಾಷೆ ಇಟ್ಟುಕೊಳ್ಳಲಿ, ನನಗೇನು? ನಾನು ಆ ಫೈಲು ಓದೋದಿಲ್ಲ. ಆದರೆ ಕಚೇರಿ ಮತ್ತು ಮನುಷ್ಯ, ಇವರ ನಡುವೆ ಯಾವ ಭಾಷೆ ಅನ್ನೋದು ಪೂರ್ತಿ ಬೇರೆ. ಅಲ್ಲಿ ಭಾಷೆ ಕಲಿಯೋ ಕಷ್ಟ ಯಾರದ್ದು? ಸಂಬಳ ತಗೊಳ್ಳೋ ಕಚೇರಿಯದ್ದಾ, ಹೆಬ್ಬೆಟ್ಟು ಒತ್ತೋ ಅಜ್ಜಿಯದ್ದಾ?

ಸಂವಿಧಾನದ 343ನೇ ವಿಧಿ ಒಕ್ಕೂಟದ ಅಧಿಕೃತ ಭಾಷೆ ದೇವನಾಗರಿ ಲಿಪಿಯ ಹಿಂದಿ ಅನ್ನುತ್ತದೆ. ಇಂಗ್ಲಿಷಿಗೆ 15 ವರ್ಷದ ಗಡುವು ಇತ್ತು. 1965ರ ಜನವರಿಗೆ ಅದು ಮುಗಿಯುವ ಹೊತ್ತಿಗೆ ತಮಿಳುನಾಡು ಹೊತ್ತಿ ಉರಿಯಿತು, ಆಮೇಲೆ 1967ರಲ್ಲಿ ಕಾಯ್ದೆ ತಿದ್ದಿ, ಹಿಂದಿ ಒಪ್ಪಿಕೊಳ್ಳದ ರಾಜ್ಯಗಳು ಸಾಕು ಅನ್ನುವವರೆಗೆ ಇಂಗ್ಲಿಷ್ ಇರಲಿ ಅಂತ ಮಾಡಿದರು. ಈ ಕತೆ ನಿಮಗೆ ಗೊತ್ತಿರುತ್ತದೆ. ರಾಷ್ಟ್ರಭಾಷೆ ಅನ್ನೋ ಪದ ಮಾತ್ರ ಅಲ್ಲಿ ಎಲ್ಲೂ ಇಲ್ಲ, ಇದನ್ನು ನಿಮ್ಮ ಪಕ್ಷ, ಆ ಪಕ್ಷ, ಎಲ್ಲ ಪಕ್ಷದ ಭಾಷಣಕಾರರಿಗೂ ಸ್ವಲ್ಪ ಹೇಳಿ. ಇನ್ನೊಂದು ಪದ ಇದೆ, ರಾಜಭಾಷೆ. ರಾಜರು ಹೋಗಿ ಎಷ್ಟೋ ಕಾಲ ಆಯ್ತು, ಅವರ ಭಾಷೆ ಮಾತ್ರ ಬ್ಯಾಂಕಿನ ಗೋಡೆ ಮೇಲೆ ಉಳಿದಿದೆ!

ನನಗೆ ಇಷ್ಟವಾದ ವಿಧಿ 350. ಯಾವ ಪ್ರಜೆ ಬೇಕಾದರೂ ತನ್ನ ಕಷ್ಟವನ್ನು ಒಕ್ಕೂಟದಲ್ಲೋ ರಾಜ್ಯದಲ್ಲೋ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿ ಬೇಕಾದರೂ ಅಧಿಕಾರಿಗೆ ಬರೆದುಕೊಳ್ಳಬಹುದು ಅನ್ನುತ್ತದೆ ಅದು. ಎಷ್ಟು ಚಂದ ಇದೆ ಅಲ್ವಾ? ಆದರೆ ಎರಡು ಸಲ ಓದಿ. ಬರೆಯೋ ಹಕ್ಕು ಇದೆ. ಉತ್ತರ ಯಾವ ಭಾಷೆಯಲ್ಲಿ ಬರಬೇಕು ಅನ್ನೋದು ಅಲ್ಲಿಲ್ಲ. ನಾನು ಕನ್ನಡದಲ್ಲಿ ಕೇಳಬಹುದು, ಅವರು ನನಗೆ ಗೊತ್ತಿಲ್ಲದ ಭಾಷೆಯಲ್ಲಿ ಉತ್ತರ ಕೊಡಬಹುದು. ಇಡೀ ಗಲಾಟೆ ಇರೋದು ಆ ಬಿಟ್ಟುಹೋದ ಅರ್ಧದಲ್ಲಿ.

ಈ ಅರ್ಧವನ್ನು ಸ್ವಿಟ್ಜರ್ಲೆಂಡಿನವರು ಬರೆದಿಟ್ಟಿದ್ದಾರೆ. ಅಲ್ಲಿ ಜರ್ಮನ್, ಫ್ರೆಂಚ್, ಇಟಾಲಿಯನ್ ಅಧಿಕೃತ. ರೊಮಾನ್ಶ್ ಅಂತ ನಾಲ್ಕನೆಯದ್ದು ಇದೆ, ಆಡುವವರು ಒಂದು ಲಕ್ಷವೂ ಇಲ್ಲ, ನಮ್ಮ ಕೊಡವರ ಭಾಷೆ ಕೊಡವ ತಕ್ಕ್‌ಗಿಂತ ಕಡಿಮೆ. ಎಲ್ಲ ಫೈಲನ್ನೂ ಆ ಭಾಷೆಯಲ್ಲಿ ಬರೆಯೋದಿಲ್ಲ ಅವರು. ಆದರೆ ರೊಮಾನ್ಶ್ ಆಡುವ ಮನುಷ್ಯನ ಜೊತೆ ವ್ಯವಹರಿಸುವಾಗ ಅದೂ ಅಧಿಕೃತ ಭಾಷೆ ಅಂತ ಅವರ ಸಂವಿಧಾನವೇ ಹೇಳುತ್ತದೆ. ಕಚೇರಿಯ ಭಾಷೆ ಬೇರೆ, ಮನುಷ್ಯನ ಜೊತೆಗಿನ ಭಾಷೆ ಬೇರೆ, ನಾನು ಹೇಳಿದ್ದು ಇದನ್ನೇ. ಅದು ಚಿಕ್ಕ ದೇಶ, ಶ್ರೀಮಂತರು ಅಂತೀರಿ. ಸರಿ. ಪ್ರವಾಸೋದ್ಯಮ ಇಲಾಖೆಯವರು ಕೊಡಗನ್ನು ಭಾರತದ ಸ್ಕಾಟ್ಲೆಂಡ್ ಅಂತ ಹೇಳಿಕೊಂಡು ತಿರುಗುತ್ತಾರಲ್ಲ, ಆ ಸ್ಕಾಟ್ಲೆಂಡಿನಲ್ಲೂ 2025ರಲ್ಲಿ ಗೇಲಿಕ್, ಸ್ಕಾಟ್ಸ್ ಎರಡಕ್ಕೂ ಅಧಿಕೃತ ಸ್ಥಾನ ಕೊಡೋ ಕಾಯ್ದೆ ಪಾಸಾಯ್ತು. ಮಂಜು, ಗುಡ್ಡ, ಚಳಿ ಮಾತ್ರ ಹೋಲಿಸೋದು ಬೇಡ.

ಒಂದೇ ಭಾಷೆ ಅಂತ ಹಟ ಹಿಡಿದವರ ಕತೆ ದೂರ ಹುಡುಕಬೇಕಿಲ್ಲ. ಪಾಕಿಸ್ತಾನದಲ್ಲಿ ಉರ್ದು ಒಂದೇ ಅಂತ 1948ರಲ್ಲಿ ಢಾಕಾಕ್ಕೇ ಹೋಗಿ ಜಿನ್ನಾ ಹೇಳಿ ಬಂದರು. 1952ರ ಫೆಬ್ರವರಿ 21ಕ್ಕೆ ಅಲ್ಲಿ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿತು. 1956ರಲ್ಲಿ ಬಂಗಾಳಿಯನ್ನೂ ಒಪ್ಪಿಕೊಂಡರು, ಆದರೆ ಅಷ್ಟು ಹೊತ್ತಿಗೆ ಮನಸ್ಸು ಮುರಿದಾಗಿತ್ತು. ಶ್ರೀಲಂಕಾ ಅದೇ 1956ರಲ್ಲಿ ಸಿಂಹಳ ಮಾತ್ರ ಅಂತ ಕಾಯ್ದೆ ತಂದಿತು, ತಮಿಳಿಗೆ ಅಧಿಕೃತ ಸ್ಥಾನ ಕೊಟ್ಟದ್ದು 1987ರಲ್ಲಿ, ಅಷ್ಟರಲ್ಲಿ ಯುದ್ಧ ಶುರುವಾಗಿ ನಾಲ್ಕು ವರ್ಷ. ಭಾಷೆ ಒಂದೇ ಕಾರಣ ಅಂತ ನಾನು ಹೇಳಲ್ಲ, ಆದರೂ.

ಮತ್ತೆ ಬ್ಯಾಂಕಿನ ಹುಡುಗನ ಹತ್ತಿರ ಬರುತ್ತೇನೆ. ಕೆಲಸ ಮುಗಿದ ಮೇಲೆ ಮಾವ ಅವನನ್ನು ಮಾತಿಗೆಳೆದರು, ಯಾವ ಊರು, ಊಟಕ್ಕೆ ಏನು ಮಾಡ್ತೀಯ ಅಂತೆಲ್ಲ. ಬಿಹಾರದವನು. ಮನೆಯಲ್ಲಿ ಹಿಂದಿ ಅಲ್ಲವಂತೆ, ಭೋಜಪುರಿ. ಹಿಂದಿ ಅವನು ಶಾಲೆಯಲ್ಲಿ ಕಲಿತದ್ದು. ನನಗೆ ಹೊಟ್ಟೆಯೊಳಗೆ ಒಂಥರಾ ಆಯ್ತು. ಮನೆಗೆ ಬಂದು ಜನಗಣತಿ ಅಂಕಿ ತೆಗೆದು ನೋಡಿದೆ. 2011ರಲ್ಲಿ ಹಿಂದಿ ಅಂತ ಲೆಕ್ಕ ಹಾಕಿದ್ದು ದೇಶದ ನೂರಕ್ಕೆ 43 ಚಿಲ್ಲರೆ ಜನರನ್ನು, ಸುಮಾರು 53 ಕೋಟಿ. ಅದರೊಳಗೆ ಬರೀ ಹಿಂದಿ ಅಂತಲೇ ಬರೆಸಿದವರು 32 ಕೋಟಿ ಚಿಲ್ಲರೆ. ಉಳಿದವರು ಭೋಜಪುರಿ, ರಾಜಸ್ಥಾನಿ, ಛತ್ತೀಸ್‌ಗಢಿ ಇನ್ನೂ ಏನೇನೋ. ಭೋಜಪುರಿಯೊಂದೇ 5 ಕೋಟಿಗೂ ಜಾಸ್ತಿ. ಕನ್ನಡ ಆಡುವವರು 4 ಕೋಟಿ 37 ಲಕ್ಷ ಅಂತಿದೆ ಅದೇ ಲೆಕ್ಕದಲ್ಲಿ. ಅಂದರೆ ನಮಗಿಂತ ದೊಡ್ಡ ಭಾಷೆಯೊಂದು ಸಂವಿಧಾನ ಮಾನ್ಯ ಮಾಡಿದ ಭಾಷೆಗಳ ಪಟ್ಟಿ, ಅಂದರೆ ಎಂಟನೇ ಪರಿಚ್ಛೇದದಲ್ಲಿ ಹೆಸರೂ ಇಲ್ಲದೆ ಇನ್ನೊಂದರ ಹೊಟ್ಟೆಯೊಳಗೆ ಕೂತಿದೆ. ಕೌಂಟರಿನ ಈಚೆ ನಿಂತು ನಾನು ಯಾರನ್ನು ಹಿಂದಿಯವನು ಅಂತ ಬೈದುಕೊಳ್ಳುತ್ತಿದ್ದೆನೋ ಅವನೂ ನನ್ನ ಹಾಗೆಯೇ.

ನನ್ನ ಹಾಗೆಯೇ ಅಂದೆ. ನಮ್ಮ ಮನೆಯಲ್ಲಿ ಅರೆಭಾಷೆ. 'ಇದೆ' ಅನ್ನೋಕೆ ನಾವು 'ಉಟ್ಟು' ಅಂತೇವೆ, ಪಕ್ಕದ ಮಾವನ ಮನೆಯಲ್ಲಿ 'ಉಂಡ್', ಕೆಳಗಿನ ತುಳು ಮನೆಯವರಿಗೆ 'ಉಂಡು', ಸಿದ್ದಾಪುರ ಪೇಟೆಯ ಅರ್ಧ ಅಂಗಡಿಗಳಲ್ಲಿ ಮಲಯಾಳದ 'ಉಂಡ್'. ಸಂತೆಯಲ್ಲಿ ಒಂದು ಕಿಲೋ ಮೀನು ಉಂಟಾ ಅಂತ ಕೇಳೋಕೆ ಇಷ್ಟು ದಾರಿ. ಜನಗಣತಿಯವರು ಬಂದಾಗ ಅಪ್ಪ ಮಾತೃಭಾಷೆ ಕನ್ನಡ ಅಂತ ಬರೆಸಿದರು. ಯಾರೂ ಒತ್ತಾಯ ಮಾಡಲಿಲ್ಲ. ಶಾಲೆ ಕನ್ನಡ, ಪಹಣಿ ಕನ್ನಡ, ಪತ್ರಿಕೆ ಕನ್ನಡ, ಮತ್ತೆ ಬೇರೆ ಏನು ಬರೆಸೋದು ಅನ್ನಿಸಿರಬೇಕು. ಬೇಜಾರಿಲ್ಲ ನನಗೆ, ಕನ್ನಡ ನನ್ನದೇ. ಕೊಡಗಿನ ಹಾಲೇರಿ ಅರಸರೂ ಕನ್ನಡದಲ್ಲೇ ಆಳಿದರು, 1834ರಲ್ಲಿ ಬ್ರಿಟಿಷರು ಬಂದ ಮೇಲೂ ಕನ್ನಡ ಹೋಗಲಿಲ್ಲ, 1956ರ ನವೆಂಬರ್ 1ಕ್ಕೆ ನಾವು ಮೈಸೂರಿಗೆ ಸೇರುವ ಮೊದಲೇ ಕನ್ನಡ ಇಲ್ಲಿ ಮನೆ ಮಾಡಿತ್ತು. 1932ರಲ್ಲಿ, ಇದು ಬ್ರಿಟಿಷರ ಕೈಕೆಳಗೆ ಬೇರೆ ಪ್ರಾಂತ್ಯವಾಗಿದ್ದಾಗಲೇ, ಮಡಿಕೇರಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಿತ್ತು, ಡಿವಿಜಿ ಅಧ್ಯಕ್ಷರು. ಕೊಡವರ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪುಸ್ತಕ ಮಾಡಿದಾಗ ಹಾಕಿದ್ದು ಕನ್ನಡ ಲಿಪಿಯಲ್ಲೇ. ಕನ್ನಡ ಇಲ್ಲಿ ಯಾರ ಬಾಯನ್ನೂ ಮುಚ್ಚಿಸದೆ ಇಷ್ಟು ಕಾಲ ಆಡಳಿತ ಮಾಡಿತು ಅಂತ ಹೆಮ್ಮೆಯಿಂದ ಹೇಳಬೇಕು ಅನ್ನಿಸುತ್ತದೆ.

ಹೇಳೋಕೆ ಹೊರಟರೆ ಆ ಅಜ್ಜಿ ಅಡ್ಡ ಬರುತ್ತಾರೆ. ಅವರ ಹಾಡಿಯ (ಬುಡಕಟ್ಟಿನವರ ಕೇರಿ) ಮಕ್ಕಳು ಅಂಗನವಾಡಿಗೆ ಬಂದ ದಿನ ಟೀಚರ್ ಮಾತಾಡೋದು ಅವರಿಗೆ ಗೊತ್ತಾಗೋದಿಲ್ಲ, ಸುಮ್ನೆ ಮೂಲೆಯಲ್ಲಿ ಕೂರುತ್ತವೆ, ಆಮೇಲೆ ಬರೋದು ಬಿಡುತ್ತವೆ, ಮಕ್ಕಳು ದಡ್ಡರು ಅಂತ ನಾವು ಹೇಳುತ್ತೇವೆ. ನಾನೇ ಹೇಳಿದ್ದೇನೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಅನುಕೂಲ ಮಾಡಿಕೊಡಬೇಕು ಅಂತ 350-ಎ ವಿಧಿ ಹೇಳುವುದು ಈ ಮಕ್ಕಳಿಗೂ ಸೇರಿಸಿಯೇ. ಬ್ಯಾಂಕಿನಲ್ಲಿ ನನಗೆ ಆದದ್ದು ಆ ಮಕ್ಕಳಿಗೆ ಮೂರನೇ ವಯಸ್ಸಿನಲ್ಲೇ ಆಗುತ್ತದೆ, ಮಾಡೋದು ದೆಹಲಿಯಲ್ಲ, ನಾವು. ಇದನ್ನು ಬರೆಯದೆ ದೆಹಲಿಯನ್ನು ಬೈದರೆ ನನಗೆ ನಿದ್ದೆ ಬರಲ್ಲ.

ಈಗ ನಿಮ್ಮ ಹತ್ತಿರ ಏನು ಕೇಳುತ್ತೇನೆ ಅಂದರೆ. ಹಿಂದಿಯನ್ನು ತೆಗೆದುಹಾಕಿ ಅಂತ ಅಲ್ಲ. 343ನೇ ವಿಧಿಯ ಪಕ್ಕಕ್ಕೆ, ಒಕ್ಕೂಟದ ಯಾವುದೇ ಕಚೇರಿ, ಬ್ಯಾಂಕು, ಅಂಚೆ, ವಿಮೆ ಪ್ರಜೆಯ ಜೊತೆ ಆ ರಾಜ್ಯದ ಭಾಷೆಯಲ್ಲಿ ವ್ಯವಹರಿಸಲೇಬೇಕು, ಬರೆದ ಭಾಷೆಯಲ್ಲೇ ಉತ್ತರ ಕೊಡಬೇಕು ಅಂತ ಕಾಯ್ದೆ ಆಗಬೇಕು, ಸುತ್ತೋಲೆ ಸಾಲದು. ಸುತ್ತೋಲೆ ಇದ್ದೂ ಚೀಟಿಯಲ್ಲಿ ಕನ್ನಡ ಇಲ್ಲ, ನೋಡಿದೆನಲ್ಲ. ಖಾಸಗಿ ಮಸೂದೆ ಮಂಡಿಸೋ ಅವಕಾಶ ನಿಮಗಿದೆ. ಪಾಸಾಗಲ್ಲ ಅಂತ ನನಗೂ ಗೊತ್ತು, ಆದರೂ ಒಂದು ಕಡತದಲ್ಲಿ ನಮ್ಮ ಮಾತು ದಾಖಲಾಗುತ್ತದೆ. ಕೊಡವ ತಕ್ಕ್, ತುಳು ಎರಡನ್ನೂ ಎಂಟನೇ ಪರಿಚ್ಛೇದಕ್ಕೆ ಸೇರಿಸಿ ಅಂತ ಚುನಾವಣೆಗೆ ಚುನಾವಣೆಗೆ ಕೇಳುತ್ತಲೇ ಇದ್ದೇವೆ, 2003ರಲ್ಲಿ ನಾಲ್ಕು ಭಾಷೆ ಸೇರಿ 22 ಆದ ಮೇಲೆ ಆ ಬಾಗಿಲು ತೆರೆದೇ ಇಲ್ಲ. ಕೊಡವ ಆಡುವವರು 1,13,857 ಅಂತ 2011ರ ಲೆಕ್ಕ. ಇಷ್ಟು ಕಡಿಮೆ ಜನಕ್ಕಾ ಅಂತ ಯಾರಾದರೂ ಕೇಳಿದರೆ ರೊಮಾನ್ಶ್ ನೆನಪಿಸಿ.

ಖರ್ಚು ಜಾಸ್ತಿ, ಗೊಂದಲ ಜಾಸ್ತಿ ಅಂತ ಹೇಳುವವರು ಇರುತ್ತಾರೆ. ಯುರೋಪಿನ ಒಕ್ಕೂಟ 24 ಭಾಷೆಯಲ್ಲಿ ನಡೆಯುತ್ತಿದೆ. ಅಷ್ಟು ದೂರ ಯಾಕೆ, ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆ 2024ರವರೆಗೆ ಹಿಂದಿ, ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಆ ವರ್ಷದಿಂದ ಕನ್ನಡವೂ ಸೇರಿ ಇನ್ನೂ 13 ಭಾಷೆಗಳಲ್ಲಿ ಬರೆಯಬಹುದು. ಆಕಾಶ ಬಿತ್ತಾ? ಸೈನಿಕರ ಜಿಲ್ಲೆ ಅಂತ ಹೊಗಳಿಸಿಕೊಂಡ ನಮ್ಮ ಹುಡುಗರು ಅಷ್ಟು ವರ್ಷ ಬಂದೂಕು ಹಿಡಿಯೋಕೆ ಮೊದಲು ಬೇರೆ ಭಾಷೆಯ ಪರೀಕ್ಷೆ ಪಾಸಾಗಬೇಕಿತ್ತು, ಅದು ಒಂದು ತೀರ್ಮಾನದಲ್ಲಿ ಸರಿಹೋಯ್ತು. ಮನಸ್ಸಿದ್ದರೆ ಆಗುತ್ತದೆ. (ರೈಲು ನಿಲ್ದಾಣದ ಫಲಕದ ಜಗಳ ಮಾತ್ರ ನಮಗಿಲ್ಲ, ಕೊಡಗಿನಲ್ಲಿ ರೈಲೇ ಇಲ್ಲ.)

ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದರೆ ಅನುವಾದ ಮಾಡಿ ಕೇಳಿಸುವ ವ್ಯವಸ್ಥೆ ಇದೆ. ಈ ವಿಷಯ ಎತ್ತಿದರೆ ದಯವಿಟ್ಟು ಕನ್ನಡದಲ್ಲೇ ಎತ್ತಿ. ಇಯರ್‌ಫೋನ್ ಹಾಕಿಕೊಳ್ಳೋ ಕಷ್ಟ ಒಂದು ದಿನ ಅವರಿಗಿರಲಿ.

ಮತ್ತೆ ಈ ಕಡೆ ಬಂದಾಗ, ಹೂವಿನ ಹಾರ, ಒಡಿಕತ್ತಿ ಫೋಟೋ ಎಲ್ಲ ಮುಗಿದ ಮೇಲೆ, ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ. ತಿಂಗಳ ಮೊದಲ ವಾರವಾದರೆ ಒಳ್ಳೆಯದು, ಅಜ್ಜಿಯ ದುಡ್ಡು ಬರೋದು ಆಗ. ಪಕ್ಕದ ಮನೆ ಮಾವನಿಗೆ ಈಗ ಮಂಡಿನೋವು, ಬ್ಯಾಂಕಿನ ಮೆಟ್ಟಿಲು ಹತ್ತೋಕೆ ಆಗಲ್ಲ ಅಂತಿದ್ದಾರೆ. ಹಿಂದಿ ಬರೋರು ಒಬ್ಬರು ಕಡಿಮೆ ಬಿದ್ದಿದ್ದಾರೆ ನಮಗೆ.

ಇಂತಿ,
ಸಿದ್ದಾಪುರ ಕಡೆಯ ಒಬ್ಬ ಮತದಾರ